ಅಡ್ಡರಸ್ತೆಗೆ ಬಂದ ಸಮುದ್ರ

ಸಾಮ್ರಾಜ್ಯಗಳು ಯಾಕೆ ಬಿದ್ದವೆಂದು ಬರೆಯಲು ಕೂತವರು ದೊಡ್ಡ ದೊಡ್ಡ ಕಾರಣಗಳನ್ನು ಹುಡುಕುತ್ತಾರೆ. ಬರ, ಬಂಡಾಯ, ತಮ್ಮಂದಿರ ದ್ರೋಹ. ಒಗೆದು ಒಣಹಾಕಿದ ಬಟ್ಟೆಯ ಪಾಲು ಅದರಲ್ಲಿ ಎಷ್ಟೆಂದು ಈವರೆಗೆ ಯಾರೂ ವಿಚಾರಿಸಿದಂತಿಲ್ಲ. ಆ ಕೊರತೆಯನ್ನು ಕಿಂಚಿತ್ತಾದರೂ ತುಂಬುವ ಸಲುವಾಗಿ ಇಲ್ಲಿ ಒಂದು ಟವೆಲ್ಲಿನ ವಿಷಯವನ್ನು ಗಂಭೀರವಾಗಿ ನಿವೇದಿಸಲಾಗುತ್ತಿದೆ. ಹಸಿರು ಪಟ್ಟೆಯ ಟವೆಲ್ಲು. ಒಂದು ಮೂಲೆ ಸವೆದು ಜಾಳಾಗಿತ್ತು.

ಟವೆಲ್ಲಿನ ಯಜಮಾನ ಕೊಡೆ ಕಂಪನಿಯೊಂದರ ಗುಮಾಸ್ತ. ಅವನ ಸಾಮ್ರಾಜ್ಯವೆಂದರೆ ಆಫೀಸಿನಲ್ಲಿ ಕಿಟಕಿಯ ಪಕ್ಕದ ಮೇಜು. ಅದು ಸಿಗಬೇಕಾದರೆ ಅವನಿಗಿಂತ ಹಿರಿಯರಿಬ್ಬರು ನಿವೃತ್ತರಾಗಬೇಕಾಯಿತು, ಇನ್ನೊಬ್ಬ ಜಗಳವಾಡಿ ಕೆಲಸ ಬಿಡಬೇಕಾಯಿತು. ಗಾಳಿ, ಬೆಳಕು, ಎದುರು ಕಟ್ಟಡದ ಸಲೂನಿನಲ್ಲಿ ಯಾರ ತಲೆ ಎಷ್ಟು ಬೋಳಾಗುತ್ತಿದೆ ಎಂಬ ವರ್ತಮಾನ, ಎಲ್ಲವೂ ಕೂತಲ್ಲೇ ದೊರೆಯುವಂಥ ಮೇಜು.

ಆ ಮೇಜಿಗೆ ಈಗ ಕುತ್ತು ಬಂದಿತ್ತು. ರೈಲಿನಲ್ಲಿ ಅರ್ಧ ದಿನದ ದೂರಕ್ಕೆ ಸಮುದ್ರದ ದಡದಲ್ಲೊಂದು ಪಟ್ಟಣ. ಅಲ್ಲಿ ಕಂಪನಿಯ ಶಾಖೆ. ಶಾಖೆಯಲ್ಲಿ ದೂರು ವಿಭಾಗ. ಕಡಲ ಗಾಳಿಗೆ ಕೊಡೆಗಳು ಉಲ್ಟಾ ಮಗುಚಿಕೊಳ್ಳುತ್ತವೆ, ಮಗುಚಿದ ಕೊಡೆ ಹಿಡಿದು ಜನ ಬರುತ್ತಾರೆ, ಬಾಯಲ್ಲಿ ಹೇಳಿ ತೃಪ್ತಿಯಾಗದಿದ್ದರೆ ಕೊಡೆಯಲ್ಲೇ ಹೇಳುತ್ತಾರೆ. ಅಲ್ಲಿಂದ ಮೊನ್ನೆ ವಾಪಸು ಬಂದವನ ಹಣೆಯ ಮೇಲೆ ಕೊಡೆಯ ಹಿಡಿಕೆಯ ಅಚ್ಚು ಕೊಕ್ಕೆಯ ಸಮೇತ ಮೂಡಿತ್ತು. ಅವನ ಜಾಗಕ್ಕೆ ಯಾರನ್ನು ಕಳಿಸಬೇಕೆಂದು ಮ್ಯಾನೇಜರು ಒಬ್ಬೊಬ್ಬರನ್ನೇ ಕನ್ನಡಕದ ಮೇಲಿಂದ ನೋಡುತ್ತಿದ್ದರು. ಗುಮಾಸ್ತ ತಡಮಾಡಲಿಲ್ಲ. ಸಮುದ್ರದ ಗಾಳಿ ಸೋಕಿದರೆ ಈತನಿಗೆ ಕೆಮ್ಮು ಕೆರಳಿ ಪ್ರಾಣಕ್ಕೇ ಸಂಚಕಾರ ಎಂದು ಪರಿಚಯದ ಡಾಕ್ಟರಿಂದ ಚೀಟಿ ಬರೆಸಿ ಕೊಟ್ಟ. ನಂಬಿಕೆ ಬರಲೆಂದು ಅಲ್ಲೇ ನಿಂತು ಕೆಮ್ಮಿಯೂ ತೋರಿಸಿದ. ಕೆಮ್ಮು ಎಷ್ಟು ಚೆನ್ನಾಗಿ ಬಂತೆಂದರೆ ಮ್ಯಾನೇಜರು ತಮ್ಮ ಲೋಟದ ನೀರನ್ನೇ ಕುಡಿಸಿ, ನಾಳೆ ರಜ ತಗೊಂಡು ಮಲಗಿ, ನಾಡಿದ್ದು ತೀರ್ಮಾನ ಹೇಳ್ತೀನಿ ಎಂದರು.

ಹಾಗೆ ರಜ ಹಾಕಿ ಮಲಗಬೇಕಾಗಿದ್ದ ದಿನವೇ ಟವೆಲ್ಲಿನ ಪ್ರಸಂಗ ನಡೆದದ್ದು.

ಗುಮಾಸ್ತನ ಅಡ್ಡರಸ್ತೆಯಲ್ಲಿ ಕೆಲವು ವಾರಗಳಿಂದ ಟಿವಿ ಸೀರಿಯಲ್ಲೊಂದರ ಶೂಟಿಂಗು ನಡೆಯುತ್ತಿತ್ತು. ಕತೆ ನಡೆಯುವುದು ಅದೇ ಸಮುದ್ರದ ಪಟ್ಟಣದಲ್ಲಿ. ಆದರೆ ನಿಜವಾದ ಪಟ್ಟಣ ದುಬಾರಿ, ನಿಜವಾದ ಸಮುದ್ರ ಡೈಲಾಗಿನ ನಡುವೆ ಬಾಯಿ ಹಾಕುತ್ತದೆ, ಸುಮ್ಮನಿರು ಎಂದರೆ ಕೇಳುವುದಿಲ್ಲ. ಆದ್ದರಿಂದ ಸೀರಿಯಲ್ಲಿನವರು ಸಮುದ್ರವನ್ನೇ ಇಲ್ಲಿಗೆ ಸಾಗಿಸಿದ್ದರು. ರಸ್ತೆಯ ಕೊನೆಗೆ ಲಾರಿಗಟ್ಟಲೆ ಮರಳು ಸುರಿದಿತ್ತು. ಇಸ್ತ್ರಿ ಅಂಗಡಿಯ ಗೋಡೆಗೆ ಅರ್ಧ ದೋಣಿ ಒರಗಿಸಿತ್ತು. ಕ್ಯಾಮೆರಾಕ್ಕೆ ಕಾಣುವುದು ಅರ್ಧವೇ ಆದ್ದರಿಂದ ಉಳಿದರ್ಧವನ್ನು ಮಾಡಿಸಿರಲಿಲ್ಲ. ಗಾಳಿಗೆ ಆಳೆತ್ತರದ ಫ್ಯಾನು, ಅಲೆಗಳಿಗೆ ಕಂಬಕ್ಕೆ ಕಟ್ಟಿದ ಸ್ಪೀಕರು. ನೀರೊಂದು ಇರಲಿಲ್ಲ. ಅದನ್ನು ಎಲ್ಲರೂ ರಸ್ತೆಯ ಕೊನೆಯ ಟ್ರಾನ್ಸ್‌ಫಾರ್ಮರಿನ ಕಡೆ ನೋಡುತ್ತ ಮನಸ್ಸಿನಲ್ಲೇ ತುಂಬಿಕೊಳ್ಳಬೇಕಿತ್ತು.

ನೆರೆಹೊರೆಯವರು ತುಂಬಿಕೊಂಡರು, ತುಳುಕುವಷ್ಟು. ಎದುರುಮನೆಯ ನಿವೃತ್ತ ಹೆಡ್‌ಮಾಸ್ತರರಿಗೆ ಹಡಗಿನ ಮುದಿ ಕಪ್ತಾನನ ಪಾತ್ರ ಸಿಕ್ಕಿತ್ತು. ಸ್ಟೂಲಿನ ಮೇಲೆ ಕೂತು ದಿಗಂತ ನೋಡುವುದು ಕೆಲಸ. ಅವರು ಊಟಕ್ಕೆ ಕೂತಾಗಲೂ ಕಪ್ತಾನನ ಟೋಪಿ ತೆಗೆಯುತ್ತಿರಲಿಲ್ಲ. ಕಡಲ ಗಾಳಿ ಬಿದ್ದ ಮೇಲೆ ಮಂಡಿ ನೋವು ಎಷ್ಟೋ ಮೇಲು ಎನ್ನುತ್ತಿದ್ದರು. ಕೆಳಗಿನ ಮನೆಯ ಓನರಮ್ಮ ಮೀನಿಗೆ ಚೌಕಾಸಿ ಮಾಡುವ ಹೆಂಗಸಾಗಿದ್ದರು. ಆಕೆಗೆ ಡೈಲಾಗು ಹೇಳಿಕೊಡಬೇಕಾಗಿ ಬರಲಿಲ್ಲ. ಗುಮಾಸ್ತನ ಹೆಂಡತಿ ಬುಟ್ಟಿ ಹಿಡಿದು ಎಡದಿಂದ ಬಲಕ್ಕೆ ಹೋಗುತ್ತಿದ್ದಳು. ನಿನ್ನೆಯಿಂದ ಬಲದಿಂದ ಎಡಕ್ಕೂ ಬರಬೇಕೆಂದು ಹೇಳಿದ್ದರಿಂದ ಮನೆಯಲ್ಲಿ ಗಂಡನನ್ನು ಬಡ್ತಿ ಸಿಕ್ಕ ಅಧಿಕಾರಿಯ ಗತ್ತಿನಲ್ಲೇ ಮಾತಾಡಿಸುತ್ತಿದ್ದಳು.

ಗುಮಾಸ್ತ ಮಾತ್ರ ಈ ಹುಚ್ಚಿನಿಂದ ದೂರವಿದ್ದ. ಬೆಳಗ್ಗೆ ಸ್ನಾನ ಮುಗಿಸಿ, ಟವೆಲ್ಲು ಒಳಗಿಲ್ಲವೆಂದು ಆಮೇಲೆ ಹೊಳೆದು, ಚಡ್ಡಿಯಲ್ಲೇ ನೀರು ತೊಟ್ಟಿಕ್ಕಿಸುತ್ತ ಬಾಲ್ಕನಿಗೆ ಬಂದ. ತಂತಿಯಿಂದ ಟವೆಲ್ಲು ಎಳೆದು, ಮುಖ ಒರೆಸಿ, ಎಡ ಹೆಗಲಿಗೆ ಹಾಕಿಕೊಂಡ. ಕೆಳಗೆ ಗುಂಪಿಗೆ ಗುಂಪೇ ತಲೆಯೆತ್ತಿ ತನ್ನನ್ನೇ ನೋಡುತ್ತಿರುವುದು ಆಗ ಕಂಡಿತು.

ಕೈಯಲ್ಲಿ ಫೋಟೊಗಳ ಕಂತೆ ಹಿಡಿದ ಹುಡುಗಿಯೊಬ್ಬಳು ಮುಂದೆ ಬಂದಳು. "ಅಂಕಲ್, ಟವೆಲ್ ಯಾಕೆ ತೆಗೆದ್ರಿ?"

ಮೈ ತನ್ನದು, ಟವೆಲ್ಲೂ ತನ್ನದೇ ಎಂದು ಗುಮಾಸ್ತ ವಿವರಿಸಿದ. ಅಂಕಲ್ ಎಂದದ್ದಕ್ಕೂ ಉತ್ತರ ಕೊಡುವುದಿತ್ತು; ಚಡ್ಡಿಯಲ್ಲಿ ನಿಂತು ವಯಸ್ಸಿನ ಚರ್ಚೆ ತರವಲ್ಲವೆಂದು ಬಿಟ್ಟ.

ಹುಡುಗಿಯ ಕೆಲಸದ ಹೆಸರು ಕಂಟಿನ್ಯುಟಿ. ಒಂದು ಶಾಟಿನಲ್ಲಿ ಇದ್ದದ್ದು ಮುಂದಿನ ಶಾಟಿನಲ್ಲೂ ಇದ್ದಲ್ಲೇ ಇರುವಂತೆ ಕಾಯುವುದು. ನಾಯಕಿ ಬಾಲ್ಕನಿಯ ಕೆಳಗೆ ನಿಂತು, ಹಡಗು ಹತ್ತುವ ನಾಯಕನನ್ನು ಅಳುತ್ತಾ ಬೀಳ್ಕೊಡುತ್ತಿದ್ದಳು. ಇಷ್ಟು ಚೆನ್ನಾಗಿ ಆಕೆ ಅತ್ತದ್ದು ಸೀರಿಯಲ್ಲಿನ ಚರಿತ್ರೆಯಲ್ಲೇ ಮೊದಲು. ಆ ಅಳುವಿನ ಹಿಂದುಗಡೆ ಚಡ್ಡಿಯ ಮನುಷ್ಯನೊಬ್ಬ ಬಂದು ಟವೆಲ್ಲು ತೆಗೆದುಕೊಂಡದ್ದೂ ಸೇರಿಹೋಗಿತ್ತು. ಇನ್ನೊಮ್ಮೆ ಅಳು ಎಂದರೆ ಆಕೆ ಅಳುವವಳಲ್ಲ. ಆದ್ದರಿಂದ ಬೀಳ್ಕೊಡುಗೆ ಮುಗಿಯುವವರೆಗೆ ಆ ಮನುಷ್ಯ, ಆ ಚಡ್ಡಿ, ಆ ಟವೆಲ್ಲು, ಮೈಮೇಲಿನ ಆ ನೀರು ಸಮೇತ ಅಲ್ಲೇ ಇರತಕ್ಕದ್ದು.

"ಯಾವಾಗ ಮುಗಿಯುತ್ತಮ್ಮ?" ಎಂದ ಗುಮಾಸ್ತ.

"ಅವರು ಎಷ್ಟು ಅಳ್ತಾರೋ ಅದರ ಮೇಲೆ."

ಇದು ಯಾವಾಗ ಪ್ರಸಾರವಾಗುತ್ತದೆಂದು ಅವನು ವಿಚಾರಿಸಿದ. ತಯಾರಿದ್ದ ಕಂತುಗಳೆಲ್ಲ ಖಾಲಿ, ಬೆಳಗ್ಗೆ ಹಿಡಿದದ್ದನ್ನು ಸಂಜೆಯೇ ಬಿಡುತ್ತೇವೆ ಎಂದು ನಿರ್ದೇಶಕ ಹೆಮ್ಮೆಯಿಂದ ಹೇಳಿದ. ಈ ಸೀರಿಯಲ್ ಶುರುವಾದ ಮೇಲೆ ಮ್ಯಾನೇಜರರ ಮನೆಯಲ್ಲಿ ಕರೆಗಂಟೆ ಬಾರಿಸಿದವರಿಗೂ ಬಾಗಿಲು ತೆರೆಯುವುದಿಲ್ಲವೆಂಬುದು ಇಡೀ ಆಫೀಸಿಗೆ ಗೊತ್ತಿತ್ತು. ನನ್ನಿಂದ ಆಗದು, ನನಗೆ ಹುಷಾರಿಲ್ಲ ಎಂದು ಅವನು ಒಳಗೆ ತಿರುಗಿದ.

ಓನರಮ್ಮ ಮೆಟ್ಟಿಲು ಹತ್ತಿ ಬಂದರು. "ನೋಡಪ್ಪಾ, ನೀನು ಒಳಗೆ ಹೋದರೆ ಸೀನು ಹೋಯ್ತು. ಸೀನು ಹೋದರೆ ನನ್ನ ಪಾತ್ರ ಹೋಯ್ತು. ಪಾತ್ರ ಹೋದರೆ ಈ ಮನೇನ ಯಾರಿಗೆ ಬಾಡಿಗೆ ಕೊಡೋದು ಅಂತ ನಾನು ಹೊಸದಾಗಿ ಯೋಚನೆ ಮಾಡಬೇಕಾಗುತ್ತೆ."

"ಹಡಗು ಮುಳುಗುವಾಗ ಮೊದಲು ಓಡೋದು ಇಲಿ ಕಣಯ್ಯಾ," ಎಂದರು ಹೆಡ್‌ಮಾಸ್ತರರು ಕೆಳಗಿನಿಂದ.

ಅತ್ತ ದರಿ, ಇತ್ತ ಓನರಮ್ಮ. ಗುಮಾಸ್ತ ನಿಂತ.

ಟವೆಲ್ಲಿನಿಂದ ಮುಖ ಮುಚ್ಚಿಕೊಂಡು ನೋಡಿದ. ಹುಡುಗಿ ಫೋಟೊ ತೋರಿಸಿ, ಎಡ ಹೆಗಲು ಅಂಕಲ್ ಎಂದಳು. ಬೆನ್ನು ತಿರುಗಿಸಿದ, ಬೆನ್ನಿಗೆ ಕಂಟಿನ್ಯುಟಿ ಇರಲಿಲ್ಲ. ಮೈ ಒಣಗಿದಾಗಲೆಲ್ಲ ಅವನ ಹೆಂಡತಿಯೇ, ಅಷ್ಟರಲ್ಲಿ ಸೀರಿಯಲ್ಲಿನವರ ಪಕ್ಷ ಸೇರಿದ್ದವಳು, ಚೊಂಬಿನಲ್ಲಿ ನೀರು ತಂದು ತಲೆಯ ಮೇಲೆ ಹೊಯ್ಯುತ್ತಿದ್ದಳು. ಎದುರಿನಿಂದ ಫ್ಯಾನು ಬೀಸುತ್ತಿತ್ತು.

ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಂತೆ ಒಂದು ಉಪಾಯ ಹೊಳೆಯಿತು. ಮ್ಯಾನೇಜರು ನೋಡುವುದೇ ಆದರೆ ಕೆಮ್ಮುವುದನ್ನು ನೋಡಲಿ. ಡಾಕ್ಟರ ಚೀಟಿಗೆ ಅದಕ್ಕಿಂತ ದೊಡ್ಡ ಸಾಕ್ಷಿ ಯಾವುದು? ಅವನು ಕಂಬಿ ಹಿಡಿದು ಬಾಗಿ, ಹೊಟ್ಟೆಯ ತಳದಿಂದ, ಕಣ್ಣಲ್ಲಿ ನೀರು ಬರುವಂತೆ ಕೆಮ್ಮಿದ. ನಿರ್ದೇಶಕ ಎರಡೂ ಕೈಯೆತ್ತಿ ಭೇಷ್ ಎಂದ. ಇನ್ನೊಮ್ಮೆ ಮಾಡಿ, ಕ್ಯಾಮೆರಾ ಹತ್ತಿರ ತರುತ್ತೇವೆ ಎಂದ. ಗುಮಾಸ್ತ ಉದಾರವಾಗಿ ಮಾಡಿದ. ಮಧ್ಯಾಹ್ನದ ಹೊತ್ತಿಗೆ ನಾಯಕಿಯ ಅಳು ಮುಗಿಯಿತು. ಅಷ್ಟರಲ್ಲಿ ಅವನಿಗೆ ನಿಜವಾದ ನೆಗಡಿಯೇ ಬಂದಿತ್ತು.

ಸಂಜೆ ಬೀದಿಯವರೆಲ್ಲ ಅವನ ಮನೆಯಲ್ಲೇ ಟಿವಿಯ ಮುಂದೆ ಸೇರಿದರು. ಕಪ್ತಾನರಿಗೆ ಕುರ್ಚಿ, ಓನರಮ್ಮನಿಗೆ ಸೋಫಾ, ಮನೆಯ ಯಜಮಾನನಿಗೆ ಬಾಗಿಲ ಸಂದಿ.

ನಾಯಕಿ ಅತ್ತಳು. ಆಕೆಯ ತಲೆಯ ಮೇಲೆ, ಆಗಷ್ಟೇ ಸಮುದ್ರಸ್ನಾನ ಮಾಡಿ ಬಂದವನಂತೆ ನೀರಿಳಿಸುತ್ತ, ಹೆಗಲಲ್ಲಿ ಹಸಿರು ಪಟ್ಟೆಯ ಟವೆಲ್ಲು ಹೊತ್ತು ಗುಮಾಸ್ತ ಪ್ರತ್ಯಕ್ಷನಾದ. ಎಡಿಟಿಂಗಿನವರು ಕೆಮ್ಮಿನ ಸದ್ದು ತೆಗೆದು ಅಲೆಗಳ ಸದ್ದನ್ನೂ ಕಡಲ ಹಕ್ಕಿಗಳ ಕೂಗನ್ನೂ ಹಾಕಿದ್ದರು. ಸದ್ದು ಹೋದ ಮೇಲೆ ಉಳಿದದ್ದೇನು? ಕಂಬಿ ಹಿಡಿದು, ಬಾಗಿ, ಭುಜ ಕುಣಿಸಿ, ಕಣ್ಣೀರು ಬರುವಂತೆ ನಗುತ್ತಿರುವ ಒಬ್ಬ ಮನುಷ್ಯ. ಲೋಕದಲ್ಲಿ ಯಾರು ಅಗಲಿದರೂ ಸಮುದ್ರದ ಗಾಳಿಯೊಂದಿದ್ದರೆ ತನಗೆ ಸಾಕು ಎನ್ನುವ ನಗು.

"ರೀ, ಮನೇಲಿ ಒಂದು ದಿನಾನೂ ಹೀಗೆ ನಕ್ಕಿದ್ದು ನೋಡಿಲ್ಲ ನಾನು," ಎಂದಳು ಹೆಂಡತಿ, ತುಸು ಮುನಿಸಿನಿಂದ.

ಸೀರಿಯಲ್ ಮುಗಿಯಿತು, ಫೋನು ಬಡಿದುಕೊಂಡಿತು. ಮ್ಯಾನೇಜರು. ಅವರ ದನಿ ಜೇನಿನಲ್ಲಿ ಅದ್ದಿದ ಚಾಕುವಿನಂತಿತ್ತು. "ಕೆಮ್ಮು ಹೇಗಿದೆ? ಸಮುದ್ರದ ನೀರು ಬೆಚ್ಚಗಿತ್ತೋ?"

ಅದು ಸಮುದ್ರವಲ್ಲ, ನಮ್ಮ ಅಡ್ಡರಸ್ತೆ, ನಾನು ಮನೆಯಲ್ಲೇ ಇದ್ದೇನೆ ಎಂದು ಗುಮಾಸ್ತ ಮೂಗು ಸೇದುತ್ತ ಹೇಳುವುದಕ್ಕೂ, ಕೆಳಗೆ ಯಾರೋ ನಾಳೆಗೆಂದು ಫ್ಯಾನನ್ನೂ ಸ್ಪೀಕರನ್ನೂ ಪರೀಕ್ಷಿಸುವುದಕ್ಕೂ ಸರಿಹೋಯಿತು. ದೊಡ್ಡದೊಂದು ಅಲೆ ಬಂದು ಕಿಟಕಿಗೆ ಅಪ್ಪಳಿಸಿತು.

"ಕೇಳಿಸ್ತು," ಎಂದರು ಮ್ಯಾನೇಜರು. "ಹೇಗೂ ಅಲ್ಲಿಗೆ ಹೋಗಿದ್ದೀರಲ್ಲ, ಅಲ್ಲೇ ಇದ್ದುಬಿಡಿ. ನಾಳೆ ಶಾಖೆಯ ಬೀಗದ ಕೈ ಕಳಿಸಿಕೊಡ್ತೀನಿ."

"ಸಾರ್, ದಮ್ಮಯ್ಯ. ಒಂದೇ ಒಂದು ಸಲ ಇಲ್ಲಿಗೆ ಬಂದು ಕಣ್ಣಾರೆ ನೋಡಿ. ಆಮೇಲೆ ಎಲ್ಲಿಗೆ ಬೇಕಾದರೂ ಕಳಿಸಿ."

ಮ್ಯಾನೇಜರು ಬರುತ್ತಿರಲಿಲ್ಲ. ಆದರೆ ನಾಯಕಿ ನಿಂತ ಜಾಗ ಊರೊಳಗೇ ಇದೆಯಂತೆ ಎಂಬುದು ಅವರ ಹೆಂಡತಿಯ ಕಿವಿಗೂ ಬಿದ್ದಿತ್ತು. ಸ್ವಲ್ಪ ಹೊತ್ತಿನಲ್ಲೇ ಕಾರು ಬಂದು ಮರಳಿಗೆ ಸಿಕ್ಕಿ ನಿಂತಿತು.

ಮ್ಯಾನೇಜರು ಇಳಿದು ಮರಳು ನೋಡಿದರು, ದೋಣಿ ನೋಡಿದರು, ಫ್ಯಾನಿನ ಗಾಳಿಗೆ ತಲೆಗೂದಲು ಹಿಡಿದುಕೊಂಡರು. ಅವರ ಮುಖ ಕಂಡು ಗುಮಾಸ್ತ ಗಾಬರಿಯಾಗಿ ಹೆಡ್‌ಮಾಸ್ತರರ ಕೈ ಹಿಡಿದ. "ಮಾಸ್ತರೇ, ಹಿರಿಯರು ನೀವು. ಇಲ್ಲಿ ಸಮುದ್ರ ಇದೆಯಾ, ನೀವೇ ಹೇಳಿಬಿಡಿ."

ಹೆಡ್‌ಮಾಸ್ತರರು ಟೋಪಿ ಸರಿಮಾಡಿಕೊಂಡು ಟ್ರಾನ್ಸ್‌ಫಾರ್ಮರಿನ ಕಡೆ ಬಹಳ ಹೊತ್ತು ದಿಟ್ಟಿಸಿದರು. "ಇವತ್ತು ಇಳಿತ ಕಣಯ್ಯಾ," ಎಂದರು. "ಅದಕ್ಕೇ ಕಾಣಿಸ್ತಾ ಇಲ್ಲ."

ಗುಮಾಸ್ತನ ಕಣ್ಣಿಗೆ ಕಿಟಕಿಯ ಪಕ್ಕದ ಮೇಜು ಇಳಿತದ ನೀರಿನ ಜೊತೆ ದೂರ ಹೋದಂತೆ ಕಂಡಿತು. ಅವನನ್ನು ಕಾಪಾಡಿದ್ದು ದೋಣಿ. ಬೈಯುವುದಕ್ಕೆ ಮುಂಚೆ ಆಸರೆಗೆಂದು ಮ್ಯಾನೇಜರು ಅದಕ್ಕೆ ಕೈಯೂರಿದರು. ದೋಣಿ ಮಗುಚಿ ಬೋರಲು ಬಿತ್ತು. ಹಿಂಬದಿಯಲ್ಲಿ ಬರೀ ಪ್ಲೈವುಡ್ಡು, ಅದರ ಮೇಲೆ ಸುಣ್ಣದಲ್ಲಿ "ಈ ಬದಿ ಗೋಡೆಗೆ" ಎಂದು ಬರೆದಿತ್ತು.

ಮ್ಯಾನೇಜರು ಅದನ್ನು ಓದಿದರು. ಓದಿ ನಕ್ಕರು. ಅದೇ ಗಳಿಗೆಗೆ ಗುಮಾಸ್ತನಿಗೆ ನಿಜವಾದ ಕೆಮ್ಮೂ ಬಂದು ಅವರ ಮನಸ್ಸು ಪೂರ್ತಿ ಕರಗಿತು. "ತಪ್ಪು ತಿಳಿದೆ," ಎಂದರು. "ನೀವು ಸಮುದ್ರದ ಮುಖ ನೋಡಿಲ್ಲ. ಚೀಟಿ ಚೀಟಿಯೇ. ನಿಮ್ಮನ್ನ ಆ ಊರಿಗೆ ಕಳಿಸಲ್ಲ, ಮಾತು ಕೊಟ್ಟೆ."

ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎನ್ನುತ್ತಾರೆ. ಗುಮಾಸ್ತ ಆ ಸಾವಿರದಲ್ಲಿ ಮೊದಲ ಕೆಲವು ನಿಮಿಷಗಳನ್ನು ಬಾಲ್ಕನಿಗೆ ಹೋಗಿ ಆನಂದದಿಂದ ಕಳೆದ. ಆದರೆ ಕಾರು ಹೊರಡಲಿಲ್ಲ. ಕೆಳಗೆ ಬಿದ್ದ ದೋಣಿಯನ್ನು ಎಬ್ಬಿಸಿ ನಿಲ್ಲಿಸಿ, ಎಲ್ಲೆಲ್ಲಿಂದಲೋ ಬಂದ ಜನ ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಮ್ಯಾನೇಜರು ಅವರಲ್ಲಿ ಒಬ್ಬನನ್ನು ಮಾತಾಡಿಸಿದರು. ಅವನು ನಾಯಕಿಯ ಮನೆ ನೋಡಲು ಮೊದಲು ನಿಜವಾದ ಪಟ್ಟಣಕ್ಕೇ ಹೋಗಿ, ಅಲ್ಲಿ ಸೀರಿಯಲ್ಲಿನಲ್ಲಿರುವ ಯಾವುದೂ ಸಿಗದೆ, ಆ ಊರು ಬರೀ ಮೋಸವೆಂದು ತೀರ್ಮಾನಿಸಿ ಇಲ್ಲಿಗೆ ಬಂದಿದ್ದ. ಅವನು ಹೇಳಿ ಮುಗಿಸುವಷ್ಟರಲ್ಲಿ ಫೋಟೊಕ್ಕೆಂದು ಬಿಚ್ಚಿ ಹಿಡಿದಿದ್ದ ಅವನ ಕೊಡೆ ಫ್ಯಾನಿನ ಗಾಳಿಗೆ ಉಲ್ಟಾ ಮಗುಚಿತು. ಕಂಪನಿಯದೇ ಕೊಡೆ.

ಮ್ಯಾನೇಜರು ಆ ಕೊಡೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ನಿರ್ದೇಶಕನನ್ನು ಕರೆದರು. ಇಬ್ಬರೂ ಸೇರಿ ಓನರಮ್ಮನನ್ನು ಕರೆದರು. ಮೂವರೂ ದೋಣಿಯ ಬಳಿ ಪಿಸುಗುಟ್ಟಿ, ಒಟ್ಟಿಗೆ ತಲೆಯೆತ್ತಿ ಬಾಲ್ಕನಿಯನ್ನು ನೋಡಿದರು.

"ನಿಜವಾದ ಊರಲ್ಲಿ ನಮ್ಮ ಬೋರ್ಡು ಯಾರ್ರೀ ನೋಡ್ತಾರೆ?" ಎಂದರು ಮ್ಯಾನೇಜರು ಮೇಲೆ ಬಂದು. "ಇಲ್ಲಾದರೆ ದಿನಾ ಸಂಜೆ ಮನೆಮನೆಯಲ್ಲೂ ನೋಡ್ತಾರೆ. ಆ ಶಾಖೆ ಮುಚ್ಚಿ ದೂರು ವಿಭಾಗಾನ ಇಲ್ಲಿಗೇ ತರ್ತೀವಿ. ನಿಮ್ಮ ಮುಂದಿನ ರೂಮು ಸಾಕು, ಓನರಮ್ಮ ಒಪ್ಪಿದ್ದಾರೆ. ಡಾಕ್ಟರ ಮಾತೂ ಮೀರಿದ ಹಾಗಾಗಲಿಲ್ಲ. ಫ್ಯಾನಿನ ಗಾಳಿ ಬೇಡ ಅಂತ ಅವರೇನೂ ಬರೆದಿಲ್ಲವಲ್ಲ."

"ಸಾರ್, ನನ್ನ ಮೇಜು," ಎಂದ ಗುಮಾಸ್ತ.

ಅದನ್ನು ಹಣೆಗೆ ಪೆಟ್ಟಾದವನಿಗೆ ಕೊಡೋಣ, ಪಾಪ, ಗಾಳಿಯಾಡುವ ಕಡೆ ಬೇಗ ವಾಸಿಯಾಗುತ್ತದೆ ಎಂದರು ಮ್ಯಾನೇಜರು.

ಸೀರಿಯಲ್ಲಿನ ಪೇಂಟರು ರಾತ್ರಿ ಊಟಕ್ಕೆ ಮುಂಚೆಯೇ ಬೋರ್ಡು ಬರೆದು ತಗುಲಿಸಿದ: ಕಡಲತೀರ ಶಾಖೆ, ದೂರು ವಿಭಾಗ. ಕಂಟಿನ್ಯುಟಿ ಹುಡುಗಿ ಬಂದು, ಪ್ಯಾಂಟು ಷರಟು ಹಾಕಿಕೊಳ್ಳಬಹುದು, ಆದರೆ ಜನ ಗುರುತು ಹಿಡಿಯಬೇಕಾದ್ದರಿಂದ ಟವೆಲ್ಲು ಎಡ ಹೆಗಲಲ್ಲೇ ಇರಲಿ ಎಂದು ತಿಳಿಸಿ ಹೋದಳು.

ಮರುದಿನ ಬಾಗಿಲು ತೆರೆದ ಕೂಡಲೇ ಮೊದಲ ದೂರು ಬಂತು. ಫ್ಯಾನಿಗೆ ಸಿಕ್ಕು ಮಗುಚಿದ ಕೊಡೆ ಹಿಡಿದು ಹೆಡ್‌ಮಾಸ್ತರರು ನಿಂತಿದ್ದರು. ಹಳೆಯ ಕಾಲದ ಕೊಡೆ, ಹಿಡಿಕೆ ಮರದ್ದು.