ಹೆಸರಿನ ಬಾಲ

ಇಂಗ್ಲೆಂಡಿನಲ್ಲಿರುವ, ಪ್ಯಾಡ್‌ಕ್ರಾಫ್ಟ್ ಎಂಬ ನಮ್ಮ ಮನೆತನದ ಹೆಸರಿನವರನ್ನೆಲ್ಲ ಒಂದೇ ಸೂರಿನಡಿ ಕೂರಿಸಿ ಊಟ ಹಾಕುತ್ತೇನೆಂದು ನಾನು ಪಣ ತೊಟ್ಟೆ. ಸ್ಮಿತ್‌ಗಳ ಕೈಲಿ ಇದು ಆಗುತ್ತದೆಯೇ? ಅವರಿಗೆ ಫುಟ್‌ಬಾಲ್ ಮೈದಾನವೂ ಸಾಲದು. ನಮ್ಮದೋ ಅಪರೂಪದ ಮನೆತನ. ಲೈಬ್ರರಿಯಲ್ಲಿ ಕೂತು ದೇಶದ ಟೆಲಿಫೋನ್ ಡೈರೆಕ್ಟರಿಗಳನ್ನೆಲ್ಲ ಜಾಲಾಡಿದರೂ ಸಿಕ್ಕಿದ್ದು ನನ್ನದೂ ಸೇರಿ ಹದಿನೇಳು ಮನೆ. ಅದರಲ್ಲಿ ಹದಿನಾಲ್ಕು ನಮ್ಮ ಲಿಂಕನ್‌ಶೈರ್‌ನಲ್ಲೇ.

ಆ ಹದಿನೇಳರಲ್ಲಿ ಹೆಸರಿನ ಕೊನೆಗೆ ಇಂಗ್ಲಿಷಿನ 'ಇ' ಅಕ್ಷರ ಇದ್ದದ್ದು ನನಗೊಬ್ಬನಿಗೆ. ಬಾಯಲ್ಲಿ ಹೇಳುವಾಗ ಕೇಳಿಸದ, ಕಾಗದದ ಮೇಲಷ್ಟೇ ಕಾಣುವ ಬಾಲ ಅದು. ಅಜ್ಜಿಯ ಬೈಬಲ್ಲಿನ ಮೊದಲ ಪುಟದಲ್ಲಿ ಹಾಗೆ ಬರೆದಿತ್ತು. ಸರದಾರರ ವಂಶದ ಗುರುತು ಅದೆಂದು ನಾನೇ ತೀರ್ಮಾನಿಸಿಬಿಟ್ಟಿದ್ದೆ. ಅಪ್ಪ ತೀರಿಕೊಂಡಾಗ ಹಟ ಹಿಡಿದು ಸಮಾಧಿಯ ಕಲ್ಲಿನ ಮೇಲೂ ಕೆತ್ತಿಸಿದೆ.

"ಅಪ್ಪ ಒಂದು ದಿನವೂ ಹಾಗೆ ಸಹಿ ಹಾಕಿದವನಲ್ಲ," ಎಂದ ಅಣ್ಣ ನೆವಿಲ್. ಅವನೊಂದು ಅಂದ, ನಾನೆರಡು ಅಂದೆ. ಅವನಿರುವ ಗ್ರಿಮ್ಸ್‌ಬಿ ನಮ್ಮೂರಿಂದ ಒಂದೇ ಬಸ್ಸಿನ ದಾರಿ. ಆದರೂ ಒಂಬತ್ತು ವರ್ಷ ಮಾತಿಲ್ಲ ಕತೆಯಿಲ್ಲ.

"ನೆವಿಲ್‌ಗೂ ಕಾಗದ ಹಾಕ್ತೀಯಾ?" ಎಂದಳು ಹೆಂಡತಿ ಎನಿಡ್.

"ಪಟ್ಟಿಯಲ್ಲಿದಾನಲ್ಲ. ಬಂದು ಕಲಿತುಕೊಂಡು ಹೋಗಲಿ."

"ಮದುವೆಯಾದಾಗಿನಿಂದ ನಾನು ಆ ಬಾಲ ಇಲ್ಲದೇ ಸಹಿ ಹಾಕ್ತಿದೀನಿ ಹೊರೇಸ್. ನೀನು ನೋಡೇ ಇಲ್ಲ."

ನೋಡಿರಲಿಲ್ಲ.

ಚರ್ಚಿನ ಪಕ್ಕದ ಹಾಲಿನಲ್ಲಿ ಮೂವತ್ತೊಂದು ಜನ ಸೇರಿದರು. ಹಂದಿಮಾಂಸದ ಕಡುಬು, ಚಹಾ, ಗುರಾಣಿಯ ಆಕಾರದ ಕೇಕು. ಸರದಾರ ಮೂಲಪುರುಷನನ್ನು ನಾನು ನನ್ನ ಭಾಷಣದಲ್ಲಿ ಕುದುರೆ ಹತ್ತಿಸಿ, ಯುದ್ಧ ಗೆಲ್ಲಿಸಿ, ಇನ್ನೇನು ಇಳಿಸಬೇಕು, ಅಷ್ಟರಲ್ಲಿ ನಮ್ಮ ಲಿಂಕನ್‌ಶೈರ್‌ನದೇ ಬಾಸ್ಟನ್ ಊರಿನ ನಿವೃತ್ತ ಟೀಚರು ಮಿಸ್ ಉರ್ಸುಲಾ ಪ್ಯಾಡ್‌ಕ್ರಾಫ್ಟ್ ಎದ್ದು ನಿಂತರು.

"ಈ ಕಡೆಯ ಹಳೇ ಮಾತಲ್ಲಿ ಪ್ಯಾಡ್ ಅಂದ್ರೆ ಕಪ್ಪೆ, ಕ್ರಾಫ್ಟ್ ಅಂದ್ರೆ ತುಂಡು ಹೊಲ. ನಾವು ಕಪ್ಪೆಹೊಲದವರು. ಅಂಥ ಕೆಸರಲ್ಲಿ ಬೇರೆ ಯಾರೂ ಮನೆ ಕಟ್ಟಲಿಲ್ಲ. ಅದಕ್ಕೇ ನಾವಿಷ್ಟು ಕಮ್ಮಿ."

"ಹಾಗಾದರೆ ಆ 'ಇ'?" ಎಂದೆ.

"ನಿಮ್ಮ ಕಾಗದ ನೋಡಿ ಚರ್ಚಿನ ದಾಖಲೆ ತೆಗೆಸಿದೆ. ನಿಮ್ಮ ಅಜ್ಜಿಯ ಮದುವೆ ಬರೆದ ಗುಮಾಸ್ತ ಸೇರಿಸಿದ್ದು. ಅದೇ ಪುಟದಲ್ಲಿ ಬೇಕರ್, ಕುಕ್ ಅನ್ನೋ ಮನೆತನದ ಹೆಸರುಗಳಿಗೂ ಒಂದೊಂದು 'ಇ' ಹಂಚಿದಾನೆ."

ಹಾಲೆಲ್ಲ ನಕ್ಕಿತು. ಹಿಂದಿನ ಸಾಲಿನಲ್ಲಿ ಒಬ್ಬನೇ ಕೂತಿದ್ದ ನೆವಿಲ್ ನಗಲಿಲ್ಲ. ಕೇಕಿನ ತಟ್ಟೆ ಹಿಡಿದು ಹತ್ತಿರ ಹೋದೆ. ಅತ್ತಿಗೆ ಜೊತೆಗಿರಲಿಲ್ಲ.

"ಡೊರೀನ್ ಬರಲಿಲ್ವಾ?"

"ತೀರಿಹೋಗಿ ಎರಡು ವರ್ಷ ಆಯ್ತು ಕಣೋ. ನಿನಗೆ ಕಾಗದ ಹಾಕಿದ್ದೆ. 'ಈ ಹೆಸರಿನವರು ಇಲ್ಲಿಲ್ಲ' ಅಂತ ವಾಪಸ್ ಬಂತು. ನಿನ್ನದೇ ಕೈಬರಹ."

ನಾನು ತಪ್ಪೊಪ್ಪಿಕೊಳ್ಳಬೇಕಾದದ್ದು ಇದನ್ನು. ಆಗೆಲ್ಲ ಬಾಲವಿಲ್ಲದ ಹೆಸರಿಗೆ ಬಂದ ಕಾಗದವನ್ನು ನಾನು ಒಡೆಯದೆ ಹಿಂದಿರುಗಿಸುತ್ತಿದ್ದೆ, ಊರಿಗೆ ಬುದ್ಧಿ ಕಲಿಸಲು. ಬರೆದ ಕೈ ಯಾರದೆಂದು ನೋಡುತ್ತಿರಲಿಲ್ಲ. ನನ್ನ ಮದುವೆಯ ದಿನ ನನಗೆ ಟೈ ಕಟ್ಟಿದವಳು ಡೊರೀನ್. ಅವಳನ್ನು ಮಣ್ಣು ಮಾಡುವ ಹೊತ್ತಿಗೆ ನಾನು ಬಹುಶಃ ಮನೆಯಲ್ಲಿ ಗುಲಾಬಿ ಗಿಡ ಕತ್ತರಿಸುತ್ತಿದ್ದೆ. ಎನಿಡ್ ಎಲ್ಲವನ್ನೂ ಕೇಳಿಸಿಕೊಂಡಳು. ನನ್ನ ಕೈಲಿದ್ದ ತಟ್ಟೆ ತೆಗೆದು ನೆವಿಲ್ ಮುಂದಿಟ್ಟಳು. ಬೈದಿದ್ದರೆ ಚೆನ್ನಾಗಿತ್ತು.

ಮುಂದಿನ ಭಾನುವಾರ ಗ್ರಿಮ್ಸ್‌ಬಿಗೆ ಹೋದೆ. ನೆವಿಲ್ ನನ್ನನ್ನು ಸ್ಮಶಾನಕ್ಕೆ ಕರೆದೊಯ್ದ. ಡೊರೀನಳ ಕಲ್ಲಿನ ಮೇಲೆ ಅವಳ ಹೆಸರು, ಮನೆತನದ ಹೆಸರು, ಅದರ ಕೊನೆಗೆ ಆಳವಾಗಿ ಕೆತ್ತಿದ ಒಂದು 'ಇ'.

"ನೆವಿಲ್, ಇದು ತಪ್ಪಲ್ವಾ?"

"ತಪ್ಪೇ. ಆದ್ರೆ ಅಪ್ಪನ ಕಲ್ಲಿನ ಮೇಲೆ ಹಾಗಿದೆಯಲ್ಲ. ಒಂದೇ ಮನೆಯವರು ಅಂತ ನೋಡಿದವರಿಗೆ ಗೊತ್ತಾಗಲಿ ಅಂತ ಹಾಕಿಸಿದೆ."

ನಾನು ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ನಿಂತೆ. ಕ್ಷಮಿಸು ಅನ್ನಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವನೇ ಮೆಲ್ಲಗೆ ಅಂದ: "ಕಾಗದದ ಮೇಲೂ ಆ 'ಇ' ಹಾಕಬೇಕಿತ್ತು. ಆವತ್ತು ನನಗೆ ಹೊಳೀಲಿಲ್ಲ. ಬೇಜಾರು ಮಾಡ್ಕೋಬೇಡ."