ಅವ್ವನ ಸೋರೆಬಳ್ಳಿಗೆ ಗುಜರಾತಿ ವರ

ನನ್ನ ತಂಗಿ ನನಗೊಂದು ಕೆಲಸ ಹೇಳಿದ್ದಳು, ಅದನ್ನು ನಾನು ಮಾಡಲಿಲ್ಲ. ಮಾಡಲಿಲ್ಲ ಎಂದರೆ ಪೂರ್ತಿ ನಿಜವೂ ಅಲ್ಲ. ಮಾಡಿದೆ, ಆದರೆ ಮಾಡದೇ ಇದ್ದಿದ್ದರೆ ಒಳ್ಳೆಯದಿತ್ತು. ಕೆಲಸಗಳ್ಳರಿಂದ ಜಗತ್ತಿಗೆ ಆಗುವ ನಷ್ಟ ಕಡಿಮೆ ಎಂದು ನನಗೀಗ ಅನ್ನಿಸುತ್ತದೆ. ಕೆಲಸಗಳ್ಳ ಪಾಪ ತನ್ನ ಪಾಡಿಗೆ ತಾನು ಮಲಗಿರುತ್ತಾನೆ. ಮೊದಲು ಮರೆತು, ಆಮೇಲೆ ನೆನಪಾಗಿ, ಗಡಿಬಿಡಿಯಲ್ಲಿ ಎದ್ದು ಓಡಿ ಏನಾದರೊಂದು ಮಾಡಿಬಿಡುವವರೇ ಅಪಾಯದ ಜನ. ನಾನು ಆ ಪೈಕಿ.

ನಾವು ರಾಣೆಬೆನ್ನೂರು ಕಡೆಯವರು. ನಮ್ಮ ಯಜಮಾನರಿಗೆ ಮಕರಪುರದ ಒಂದು ಕಾರ್ಖಾನೆಯಲ್ಲಿ ಫಿಟರ್ ಕೆಲಸ, ಮನೆ ವಡೋದರಾದ ಮಂಜಲ್‌ಪುರದಲ್ಲಿ. ಸಾಲುಮನೆಗಳ ಸೊಸೈಟಿ, ಒಬ್ಬರ ಮಾಳಿಗೆಗೂ ಪಕ್ಕದವರ ಮಾಳಿಗೆಗೂ ನಡುವೆ ಮೊಣಕಾಲೆತ್ತರದ ಗೋಡೆ. ನನ್ನ ತಂಗಿ ಗೀತಾ ಅಹಮದಾಬಾದಿನಲ್ಲಿ ಇದ್ದಾಳೆ, ಸ್ಯಾಟಲೈಟ್ ಕಡೆ ಫ್ಲ್ಯಾಟು, ಶಾಲೆಯಲ್ಲಿ ಜೀವಶಾಸ್ತ್ರದ ಟೀಚರು. ನಾನು ಓದಿದ್ದು ಏಳನೇ ಇಯತ್ತೆ. ಅಷ್ಟರಲ್ಲಿ ಗೀತಾ ಹುಟ್ಟಿದಳು. ಅವ್ವ ಹೊಲಕ್ಕೆ ಹೋದರೆ ಕೂಸನ್ನು ಎತ್ತಿಕೊಳ್ಳಲು ಮನೆಯಲ್ಲಿ ಒಂದು ಸೊಂಟ ಬೇಕಿತ್ತು, ನನ್ನ ಸೊಂಟ ಖಾಲಿ ಇತ್ತು. ಇದನ್ನು ನಾನು ದೂರು ಎಂದು ಹೇಳುತ್ತಿಲ್ಲ. ಗಣಿತದ ಮಾಸ್ತರರ ಕೈಯಿಂದ ಪಾರುಮಾಡಿದ್ದಕ್ಕೆ ಆ ಕೂಸಿಗೆ ನಾನೇ ಋಣಿ.

ಅವ್ವ ಪ್ರತಿ ವರ್ಷ ಒಂದು ಸೋರೆಕಾಯಿಯನ್ನು ಬೀಜಕ್ಕೆಂದು ಬಿಟ್ಟು, ಒಣಗಿದ ಮೇಲೆ ಒಲೆಯ ಮೇಲಿನ ಜಂತಿಗೆ ನೇತು ಹಾಕುತ್ತಿದ್ದಳು. ಅದು ಪೇಟೆಯಲ್ಲಿ ಸಿಗುವ ಉದ್ದನೆಯ ಸೋರೆ ಅಲ್ಲ. ಗುಂಡಗೆ, ತಂಬಿಗೆಗೆ ಕುತ್ತಿಗೆ ಬಂದ ಹಾಗೆ ಇರುತ್ತಿತ್ತು. ಅವ್ವ ತೀರಿಕೊಂಡ ಮೇಲೆ ಜಂತಿಯಲ್ಲಿದ್ದ ಕೊನೆಯ ಕಾಯಿಯನ್ನು ಒಡೆದರೆ ಹುಳುಗಳು ನಮಗಿಂತ ಮುಂಚೆಯೇ ಊಟ ಮುಗಿಸಿದ್ದವು. ಉಳಿದಿದ್ದು ಬೊಗಸೆಯ ತಳಕ್ಕೆ ಸಾಲದಷ್ಟು ಬೀಜ. ಊರಲ್ಲಿ ಬೇರೆ ಯಾರ ಹತ್ತಿರವೂ ಆ ತಳಿ ಇಲ್ಲ. ಗೀತಾಳ ಬಾಲ್ಕನಿಯಲ್ಲಿ ವಾಷಿಂಗ್ ಮಷೀನು ಬಿಟ್ಟರೆ ಬೇರೇನಕ್ಕೂ ಜಾಗ ಇಲ್ಲ. ಮಳೆಗಾಲಕ್ಕೆ ಎಲ್ಲ ಬೀಜವನ್ನೂ ತಂದು ನನ್ನ ಮಾಳಿಗೆಯ ಡ್ರಮ್ಮಿನಲ್ಲಿ ಊರಿದಳು. ಮೊಳೆತಿದ್ದು ಒಂದೇ ಒಂದು.

“ಇದ ಹೋತಂದ್ರ ಅವ್ವನ ಸ್ವಾರಿಕಾಯಿ ಮುಗೀತು ನೋಡಕ್ಕ” ಎಂದಳು ಗೀತಾ.

ಬಳ್ಳಿ ಚಪ್ಪರ ಹಿಡಿದ ಮೇಲೆ ನನಗೆ ಗೀತಾಳ ಪಾಠ ಶುರುವಾಯಿತು. ಎಲೆ ಎಂದರೆ ಗಿಡದ ಅಡುಗೆಮನೆ, ಬಿಸಿಲೇ ಒಲೆ, ಹಸಿರು ಬಣ್ಣವೇ ಅಡುಗೆಯವಳು. ಬೇರು ನೀರು ಹೊರುತ್ತದೆ, ದಂಟಿನೊಳಗಿನ ಸಣ್ಣ ಸಣ್ಣ ಕೊಳವೆಗಳು ಬೆಂದಿದ್ದನ್ನು ಮನೆಮಂದಿಗೆಲ್ಲ ಮುಟ್ಟಿಸುತ್ತವೆ. ನೀರು ಹೊರುವುದು, ಬೇಯಿಸುವುದು, ಬಡಿಸುವುದು; ಇದನ್ನು ಕಲಿಯಲು ಶಾಲೆಗೆ ಯಾಕೆ ಹೋಗಬೇಕಿತ್ತು ಎಂದು ನನಗೆ ಸಮಾಧಾನವಾಯಿತು. ಆಮೇಲೆ ಹೂವಿನ ಪಾಠ. ಹೆಣ್ಣು ಹೂವು ಅರಳುವ ಮೊದಲೇ ಹಿಂದುಗಡೆ ಪುಟ್ಟ ಕಾಯಿಯೊಂದನ್ನು ಕಟ್ಟಿಕೊಂಡೇ ಬಂದಿರುತ್ತದೆ. ಗಂಡು ಹೂವು ಬರಿಯ ಉದ್ದ ತೊಟ್ಟಿನ ಮೇಲೆ ನೆಟ್ಟಗೆ ನಿಂತು ಊರು ನೋಡುತ್ತದೆ. ಗಂಡಿನ ಪರಾಗ ಹೆಣ್ಣಿಗೆ ತಾಗಿದರೆ ಕೂದಲಿಗಿಂತ ಸಣ್ಣ ನಳಿಕೆಯೊಂದು ಹೊರಟು, ಒಳಗಿಳಿದು, ಇನ್ನೂ ಬೀಜವಾಗದ ಬೀಜವನ್ನು ಹುಡುಕಿಕೊಂಡು ಹೋಗುತ್ತದೆ. ತಾಗದಿದ್ದರೆ ಆ ಪುಟ್ಟ ಕಾಯಿ ಹಳದಿಯಾಗಿ ಉದುರುತ್ತದೆ.

“ಮತ್ತ ಗಂಡ ಹೂವಿಗೆ ಬ್ಯಾರೆ ಏನೂ ಕೆಲಸ ಇಲ್ಲೇನು?” ಎಂದೆ.

ಚಹಾ ಕುಡಿಯುತ್ತಿದ್ದ ನಮ್ಮ ಯಜಮಾನರು “ಒಂದ ಸಂಜಿ ದುಡದು ಮರುದಿನ ಸತ್ತಹೋಗತೈತಿ ಪಾಪ, ಅದರ ಮ್ಯಾಲೂ ಕಣ್ಣೇನು ನಿಂದು?” ಎಂದು ಕಪ್ಪು ಕೆಳಗಿಟ್ಟರು.

ನನ್ನ ಕೆಲಸ ಇಷ್ಟೇ. ಗೋಡೆಯಾಚೆ ಕೋಕಿಲಾಬೆನ್ನರ ಮಾಳಿಗೆಯಲ್ಲಿ ಅವರ ದೂಧಿಬಳ್ಳಿ ಇದೆ. ದೂಧಿ ಎಂದರೆ ಅದೇ ಪೇಟೆಯ ಉದ್ದ ಸೋರೆ. ಸೋರೆ ಹೂವು ಅರಳುವುದು ದೀಪ ಹಚ್ಚುವ ಹೊತ್ತಿಗೆ; ಆಗ ಪತಂಗಗಳು ಬಂದು ಆ ಬಳ್ಳಿಯ ಪರಾಗವನ್ನು ಈ ಬಳ್ಳಿಗೆ ಬಳಿದುಬಿಡುತ್ತವೆ. ಹಾಗಾಗದಂತೆ ಇವತ್ತು ಅರಳುವ ಮೊಗ್ಗುಗಳಲ್ಲಿ ಒಂದು ಹೆಣ್ಣಿಗೂ ಒಂದು ಗಂಡಿಗೂ ಮಧ್ಯಾಹ್ನವೇ ಕಾಗದದ ಟೊಪ್ಪಿಗೆ ಹಾಕಬೇಕು. ಸಂಜೆ ಟೊಪ್ಪಿಗೆ ತೆಗೆದು, ನಮ್ಮ ಗಂಡನ್ನೇ ನಮ್ಮ ಹೆಣ್ಣಿಗೆ ತಾಗಿಸಿ, ಹೆಣ್ಣಿಗೆ ಮತ್ತೆ ಟೊಪ್ಪಿಗೆ ಹಾಕಬೇಕು. ಸೊಸೈಟಿಯಲ್ಲಿ ಎಷ್ಟೋ ಮದುವೆ ಕುದುರಿಸಿದವಳು ನಾನು, ಇದೇನು ಮಹಾ ಎಂದೆ.

ಅಷ್ಟರಲ್ಲಿ ನವರಾತ್ರಿ ಬಂತು. ಗುಜರಾತಿನಲ್ಲಿ ನವರಾತ್ರಿ ಬಂದರೆ ಸಂಜೆಗಳು ನಮ್ಮ ಕೈಯಲ್ಲಿರುವುದಿಲ್ಲ. ಸೊಸೈಟಿಯ ಅಂಗಳದಲ್ಲಿ ಮಾತಾಜಿಯ ಮುಂದೆ ಆರತಿ, ಆಮೇಲೆ ಗರ್ಬಾ. ಮನೆಗೊಂದು ಆರತಿ ತಟ್ಟೆ, ಯಾರ ತಟ್ಟೆ ಚೆಂದ ಎಂದು ಬಾಯಿಬಿಟ್ಟು ಹೇಳದ ಪೈಪೋಟಿ. ಮೊದಲನೆಯ ಸಂಜೆ ನಾನು ಬಳ್ಳಿಯಲ್ಲಿ ಹೆಚ್ಚಾಗಿದ್ದ ಗಂಡು ಮೊಗ್ಗುಗಳನ್ನು ಕಿತ್ತು ತಟ್ಟೆಯಲ್ಲಿಟ್ಟೆ. ಹಾಡು ಶುರುವಾದಾಗ ಮೊಗ್ಗಾಗಿದ್ದವು, ಮುಗಿಯುವಷ್ಟರಲ್ಲಿ ಬೆಳ್ಳಗೆ ಅರಳಿ ನಿಂತವು. ಕೋಕಿಲಾಬೆನ್ ನೋಡಿ “ಅರೇ ವಾಹ್ ಸಾವಿತ್ರಿಬೆನ್, ಬಹು ಸರಸ್” ಎಂದರು. ಬಹು ಸರಸ್ ಎಂದರೆ ಬಹಳ ಚೆಂದ. ಆ ಹೆಂಗಸು ನನ್ನ ಅಡುಗೆಯನ್ನಾಗಲಿ ನನ್ನ ಗುಜರಾತಿಯನ್ನಾಗಲಿ ಯಾವತ್ತೂ ಬಹು ಸರಸ್ ಅಂದವರಲ್ಲ. ನನಗೆ ಅದರ ರುಚಿ ಹತ್ತಿತು. ಹೊಗಳಿಕೆಯೆಂಬುದು ಕುರುಕಲು ತಿಂಡಿಯ ಹಾಗೆ, ಒಂದಕ್ಕೆ ನಿಲ್ಲುವುದಿಲ್ಲ. ಸಂಜೆ ಸಂಜೆಯೂ ತಟ್ಟೆ ತುಂಬುತ್ತಾ ಹೋಯಿತು, ಹೆಣ್ಣು ಹೂವುಗಳು ಟೊಪ್ಪಿಗೆಯೊಳಗೇ ಕಾದು ಕಾದು ಪುಟ್ಟ ಕಾಯಿಯ ಸಮೇತ ಹಳದಿಯಾಗಿ ಉದುರುತ್ತಾ ಹೋದವು. ಗೀತಾ ಫೋನ್ ಮಾಡಿದರೆ “ಹಿಡೀವಲ್ದವ್ವ” ಎನ್ನುತ್ತಿದ್ದೆ. ಕಾಯಿ ಹಿಡಿಯುತ್ತಿಲ್ಲ ಎನ್ನುವುದಂತೂ ನಿಜ.

ಅಷ್ಟಮಿಯ ದಿನ ತಟ್ಟೆ ಭರ್ತಿ ಇರಬೇಕೆಂದು ಟೊಪ್ಪಿಗೆ ಹಾಕಿಟ್ಟಿದ್ದ ಗಂಡನ್ನೂ ಬಿಡಲಿಲ್ಲ. ಆರತಿ ಮುಗಿಸಿ ಚಪ್ಪಾಳೆ ತಟ್ಟುತ್ತಾ ಸುತ್ತುತ್ತಿರುವಾಗ ಗೀತಾಳ ಫೋನು ಬಂತು. “ಅಕ್ಕ, ಇವತ್ತಿಂದು ದೊಡ್ಡ ಹೆಣ್ಣ ಮೊಗ್ಗೈತಿ, ಫೋಟೋದಾಗ ನೋಡೇನಿ. ಮುಟ್ಟಿಸಿದೇನು?”

“ಈಗ ಹೊಂಟೇನಿ” ಎಂದು ಮಾಳಿಗೆಗೆ ಓಡಿದೆ. ಟೊಪ್ಪಿಗೆ ತೆಗೆದರೆ ಹೆಣ್ಣು ಮದುಮಗಳ ಹಾಗೆ ಅರಳಿ ಕೂತಿದೆ, ಗಂಡುಗಳೆಲ್ಲ ಮಾತಾಜಿಯ ತಟ್ಟೆಯಲ್ಲಿ. ದೇವರಿಗೆ ಕೊಟ್ಟಿದ್ದನ್ನು ವಾಪಸ್ ಕೇಳುವ ಧೈರ್ಯ ನನಗಿಲ್ಲ. ಗೋಡೆಯಾಚೆ ನೋಡಿದೆ. ಕೋಕಿಲಾಬೆನ್ನರ ಬಳ್ಳಿಯ ತುಂಬ ಗಂಡುಗಳು ನೆಟ್ಟಗೆ ನಿಂತು ಊರು ನೋಡುತ್ತಿದ್ದವು. ಕೈ ಚಾಚಿ ಒಂದನ್ನು ಕಿತ್ತೆ, ತಾಗಿಸಿದೆ, ಟೊಪ್ಪಿಗೆ ಹಾಕಿದೆ. ಯಾವ ಕೆಲಸವನ್ನು ಪತಂಗ ಮಾಡಬಾರದೆಂದು ಇಷ್ಟೆಲ್ಲ ಏರ್ಪಾಡಾಗಿತ್ತೋ, ಅದನ್ನು ನಾನೇ ಸೀರೆ ಉಟ್ಟ ಪತಂಗವಾಗಿ ಮಾಡಿ ಮುಗಿಸಿದೆ. “ಆತೇನು?” ಎಂದಳು ಗೀತಾ. “ಆತು” ಎಂದೆ. “ನಮ್ಮ ಗಂಡ ಹೂವಿಂದ ಹೌದಲ್ಲ?” ಎಂದಳು. “ಮತ್ತ ಯಾರದು?” ಎಂದೆ.

ಕಾಯಿ ಹಿಡಿಯಿತು. ಹಿಡಿದ ದಿನದಿಂದ ನನ್ನ ನೆಮ್ಮದಿ ಹೋಯಿತು. ಅಪ್ಪನ ಮುಖ ಮಕ್ಕಳಿಗೆ ಬಂದೇ ಬರುತ್ತದಲ್ಲ, ಇದೂ ದೂಧಿಯ ಹಾಗೆ ಉದ್ದಕ್ಕೆ ಬೆಳೆದು ನನ್ನ ಮಾನ ಕಳೆಯುತ್ತದೆ ಎಂದು ಬೆಳಿಗ್ಗೆ ಎದ್ದ ಕೂಡಲೇ ಮಾಳಿಗೆಗೆ ಹೋಗಿ ನೋಡುತ್ತಿದ್ದೆ. ಒಂದು ದಿನ ಸ್ವಲ್ಪ ಉದ್ದವಾದಂತೆ ಕಂಡು ಅದಕ್ಕೆ ಗೇಣು ಹಾಕುತ್ತಿದ್ದಾಗ ಯಜಮಾನರು “ಕೂಸಿಗೆ ಅಂಗಿ ಹೊಲಸತೀ ಏನು?” ಎಂದು ಕೇಳಿದರು. ಆದರೆ ಆಶ್ಚರ್ಯ, ಅದು ಗುಂಡಗೇ ಬೆಳೆಯಿತು. ತಂಬಿಗೆಯ ಹೊಟ್ಟೆ, ಸಣ್ಣ ಕುತ್ತಿಗೆ, ಥೇಟ್ ಅವ್ವನದೇ. ದೇವಿಗೆ ಅಷ್ಟು ಹೂವು ಕೊಟ್ಟಿದ್ದು ವ್ಯರ್ಥ ಹೋಗಲಿಲ್ಲ ಎಂದು ಕೈ ಮುಗಿದೆ. ಗೀತಾ ವಿಡಿಯೋದಲ್ಲಿ ಊರಿನ ಚಿಕ್ಕವ್ವನಿಗೆ ತೋರಿಸಿದಳು. “ನಮ್ಮಕ್ಕ ಮತ್ತ ಬಂದಳಲ್ಲವಾ, ನನಗೊಂದೀಟ ಬೀಜ ಇಡ್ರೆವಾ” ಎಂದು ಚಿಕ್ಕವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಾನೂ ಒರೆಸಿಕೊಂಡೆ, ನನ್ನ ಕಾರಣ ಬೇರೆ.

ದೀಪಾವಳಿಗೆ ಗೀತಾ ಬಂದಳು. ಬಂದವಳೇ ಮಾಳಿಗೆಗೆ ಹೋಗಿ ಕಾಯಿಯನ್ನು ಮಗುವಿನ ಬೆನ್ನು ತಟ್ಟಿದಂತೆ ತಟ್ಟಿದಳು. ನಾನು ಧೈರ್ಯದಿಂದ, ಸುಮ್ಮನೆ ಜ್ಞಾನಕ್ಕೆಂದು ಕೇಳುವವಳ ಹಾಗೆ ಕೇಳಿದೆ: “ಅಕಸ್ಮಾತ್ ಕೋಕಿಲಾಬೆನ್ನರ ದೂಧಿ ಪರಾಗ ತಾಗಿದ್ದರ ಇದು ಉದ್ದಕ್ಕ ಬೆಳೀತಿತ್ತು, ಹೌದಲ್ಲ?”

“ಇಲ್ಲಕ್ಕ. ಹೊರಗಿನ ಕಾಯಿ ಎಲ್ಲಾ ತಾಯಿ ಮೈನ. ಅದಕ್ಕ ಅಪ್ಪ ಯಾರಂತ ಗೊತ್ತ ಆಗೂದಿಲ್ಲ. ಅಪ್ಪ ಇರೂದು ಒಳಗಿನ ಬೀಜದಾಗ. ಮುಂದಿನ ವರ್ಷ ಆ ಬೀಜ ಹಾಕಿದಾಗ ಬಣ್ಣ ಹೊರಗ ಬೀಳತೈತಿ.”

ಆ ಹೊತ್ತಿಗೆ ಸರಿಯಾಗಿ ನನ್ನ ಮಗಳು ಮೆಟ್ಟಿಲ ಮೇಲೆ ಬಂದು “ಮಮ್ಮಿ, ಚಾ ಮೂಕೀ ದೀಧೀ” ಎಂದಳು, ಚಹಾ ಇಟ್ಟಾಯಿತಂತೆ. ಹೊರಗಿನಿಂದ ನೋಡಿದರೆ ಅವ್ವನ ಮೂಗು, ಅವ್ವನ ಹಣೆ, ಅಪ್ಪಟ ರಾಣೆಬೆನ್ನೂರು. ಒಳಗಿನಿಂದ ಬರುವುದೆಲ್ಲ ಗುಜರಾತಿ. ಆ ಸೋರೆಕಾಯಿಯ ಹೊಟ್ಟೆಯಲ್ಲಿ ಇಂಥವರು ಎಷ್ಟು ಜನ ಸಾಲಾಗಿ ಕೂತಿದ್ದಾರೋ. ಅವರನ್ನೇ ಪುಡಿಕೆ ಕಟ್ಟಿ ಅವ್ವನ ಹೆಸರಿನಲ್ಲಿ ಚಿಕ್ಕವ್ವನಿಗೆ ಕಳಿಸುವವರಿದ್ದೇವೆ.

ಹೇಳಬೇಕೆಂದು ನಾನು ಮೊದಲೇ ಅಭ್ಯಾಸ ಮಾಡದೇ ಇರಲಿಲ್ಲ. ತುಳಸಿಯ ಮುಂದೆ ಹೇಳಿದ್ದೆ. ಕುಕ್ಕರಿನ ಮುಂದೆ ಹೇಳಿದ್ದೆ, ಅದು ಅರ್ಧದಲ್ಲೇ ಸೀಟಿ ಹೊಡೆಯಿತು. ಆದರೆ ಸೊಂಟದ ಮೇಲೆ ಹೊತ್ತು ಬೆಳೆಸಿದ ಹುಡುಗಿಯ ಮುಂದೆ ತಪ್ಪೊಪ್ಪಿಕೊಳ್ಳುವುದೆಂದರೆ ಸೊಂಟವೇ ಬಗ್ಗುವುದಿಲ್ಲ. ಕಾಯಿ ಒಣಗಲಿ, ಸಂಕ್ರಾಂತಿ ಬರಲಿ, ಆಗ ಹೇಳಿದರಾಯಿತು ಎಂದುಕೊಂಡೆ.

ಗೀತಾ ಚೀಲದಿಂದ ಕತ್ತರಿ ತೆಗೆದಳು. “ಬೀಜದ ಕಾಯಿ ಒಂದ ಸಾಕಕ್ಕ. ಉಳದ ಹೆಣ್ಣ ಮೊಗ್ಗೆಲ್ಲಾ ಚೂಟಿಬಿಡೂಣು. ಎಲಿ ಮಾಡಿದ ಅಡುಗಿ ಎಲ್ಲಾ ಇದಕ್ಕ ಹೋಗಲಿ. ಬಳ್ಳಿಗೂ ವಯಸ್ಸಾತು, ಇನ್ನ ಬಾಳ ದಿನ ಹೂ ಬಿಡೂದಿಲ್ಲ.”

ಚಪ್ಪರದ ತುದಿಯಲ್ಲಿ ಒಂದು ಹೆಣ್ಣು ಮೊಗ್ಗಿತ್ತು, ಅವತ್ತೇ ಸಂಜೆ ಅರಳುವಂಥದ್ದು. ಹಿಂದೆ ಹೆಬ್ಬೆಟ್ಟಿನಷ್ಟು ಗುಂಡನೆಯ ಕಾಯಿ ಕಟ್ಟಿಕೊಂಡಿತ್ತು. ಅದರಾಚೆ, ನವರಾತ್ರಿ ಮುಗಿದಿದ್ದರಿಂದ ಬದುಕಿ ಉಳಿದಿದ್ದ ನಮ್ಮದೇ ಒಂದು ಗಂಡು ಮೊಗ್ಗು. ಕತ್ತರಿ ಬಾಯಿ ತೆರೆಯಿತು. ಅದಕ್ಕಿಂತ ಮೊದಲು ನನ್ನ ಬಾಯಿ ತೆರೆಯಿತು.

“ಗೀತಾ, ಕತ್ತರಿ ಕೆಳಗಿಡವಾ. ಅದನ್ನ ಚೂಟಬ್ಯಾಡ. ಈ ಕಾಯ್ಯಾಗಿನ ಬೀಜದ ಅಪ್ಪ ನಮ್ಮ ಬಳ್ಳಿಯಂವ ಅಲ್ಲ, ಕೋಕಿಲಾಬೆನ್ನರ ದೂಧಿಯಂವ. ನಮ್ಮ ಗಂಡ ಹೂವೆಲ್ಲಾ ಆರತಿ ತಟ್ಟ್ಯಾಗ ಇಟ್ಟು ಮಂದಿ ಕಡಿಂದ ಚೆಂದ ಅನಿಸ್ಕೊಂಡೆ, ನಿನಗ ಸುಳ್ಳ ಹೇಳಿದೆ. ತಪ್ಪಾತವಾ ನಂದು. ಇವತ್ತ ಸಂಜಿಗೆ ನೀನ ಮುಟ್ಟಿಸು, ನಾ ಕೈ ಹಿಂದ ಕಟಗೊಂಡು ನಿಂತಿರತೀನಿ.”