ಮಿಕ್ಸಿ ಓಡ್ತದೆ, ತೃಪ್ತಿ ಇಲ್ಲ

ನಂಬ್ತೀರೋ ಬಿಡ್ತೀರೋ, ಈಗ, ಇದೇ ಈಗ, ನಂಗೊಂದು ಫೋನ್ ಬಂದಿತ್ತು ಕಣ್ರೀ! ನಂಗೆ! ಫೋನ್ ಬರೋದ್ರಲ್ಲಿ ಏನ್ ದೊಡ್ಡಸ್ತಿಕೆ ಅಂತೀರಾ? ತಡೀರಿ. ಯಾರ್ ಮಾಡಿದ್ರು, ಏನ್ ಕೇಳಿದ್ರು ಅಂತ ಗೊತ್ತಾದ್ರೆ ನೀವೂ ಬಾಯ್ ಮೇಲೆ ಕೈ ಇಟ್ಕೋತೀರ. ಉದ್ದಿನಬೇಳೆ ನೆನೆ ಹಾಕಿದೀನಿ, ಅದ್ಯಾಕೆ ಅಂತ ಆಮೇಲೆ ಹೇಳ್ತೀನಿ. ಅದು ನೆನೆಯೋವರ್ಗೂ ನಂಗೆ ಕೆಲ್ಸ ಇಲ್ಲ, ರೂಮಲ್ಲಿ ಕೇಳೋರೂ ಯಾರಿಲ್ಲ, ನೀವ್ ಸಿಕ್ಕಿದೀರ. ಮೊದ್ಲಿಂದ ಹೇಳ್ಬುಡ್ತೀನಿ.

ನಾನು ಮಿಕ್ಸಿ ಮೆಕ್ಯಾನಿಕ್ಕು. ಕಂಪನಿ ಮೆಕ್ಯಾನಿಕ್ಕು! ನಂಜನಗೂಡು, ಟಿ. ನರಸೀಪುರ, ಎರಡೂ ತಾಲ್ಲೂಕು ನಂದೇ. ಸ್ವಂತ ಊರು ಹುಣಸೂರಿನಾಚೆ. ಇಲ್ಲಿ ನಂಜನಗೂಡಲ್ಲಿ ರೈಲ್ವೆ ಸ್ಟೇಷನ್ ಹಿಂದೆ, ಮಹಡಿ ಮೇಲೆ ಒಂದ್ ರೂಮು. ಒಂದ್ ತಟ್ಟೆ, ಒಂದ್ ಲೋಟ, ಒಂದ್ ಕಂಬಳಿ. ಬೆಳಗ್ಗೆ ಬ್ಯಾಗ್ ತಗುಲಾಕೊಂಡು ಬಸ್ ಹತ್ತಿದ್ರೆ ಸಾಯಂಕಾಲದವರ್ಗೂ ಯಾರ್ಯಾರದೋ ಅಡುಗೆಮನೇಲಿ ಕೂತಿರ್ತೀನಿ. ಒಗ್ಗರಣೆ ವಾಸ್ನೆ, ಮಕ್ಳ ಗಲಾಟೆ, ಅತ್ತೆ ಸೊಸೆ ಜಗಳ, ಎಲ್ಲಾ ಇರುತ್ತೆ. ಸಾಯಂಕಾಲ ರೂಮಿಗ್ ಬಂದ್ರೆ ಬೀಗ ತೆಗೆಯೋ ಸದ್ದು ಒಂದೇ. ಆ ಬೀಗಕ್ಕೂ ಒಂದೊಂದ್ಸಲ "ಏನಪ್ಪಾ, ಊಟ ಆಯ್ತಾ?" ಅಂತ ಕೇಳಿದೀನಿ. ನಗ್ಬೇಡಿ.

ನಮ್ ಕಂಪನೀದು ಒಂದ್ ಪದ್ಧತಿ. ರಿಪೇರಿ ಆದ್ಮೇಲೆ ಮೈಸೂರು ಆಫೀಸಿಂದ ಒಬ್ರು ಮೇಡಂ ಮನೆಮನೆಗೂ ಫೋನ್ ಮಾಡ್ತಾರೆ. ಮಿಕ್ಸಿ ಓಡ್ತಿದ್ಯಾ, ಮೆಕ್ಯಾನಿಕ್ ಮರ್ಯಾದೆಯಿಂದ ಮಾತಾಡುದ್ರಾ, ನಮ್ ಸೇವೆ ನಿಮಗೆ ತೃಪ್ತಿ ತಂದಿದ್ಯಾ ಅಂತ ಕೇಳ್ತಾರೆ. "ಅದೇನ್ ಚೆನ್ನಾಗ್ ಮಾತಾಡುಸ್ತದಪ್ಪ ಆ ಮಗು" ಅಂತ ಎರಡ್ ತಾಲ್ಲೂಕೂ ಹೊಗಳುತ್ತೆ. ನಾನು ಮಾತ್ರ ಅವ್ರ ದನೀನೂ ಕೇಳಿರ್ಲಿಲ್ಲ. ನಂಗೆ ಸ್ಪೇರ್ ಪಾರ್ಟು ಬಸ್ಸಲ್ಲಿ ಬರುತ್ತೆ, ಬೈಗುಳ ಮ್ಯಾನೇಜರ್ ಬಾಯಿಂದ ಬರುತ್ತೆ. ಅದನ್ನ ಕೇಳ್ಸಿಕೊಳ್ಳೋಕೂ ದಿನಾ ಸಾಯಂಕಾಲ ಎಸ್‌ಟಿಡಿ ಬೂತಿಂದ ನಾನೇ ಫೋನ್ ಮಾಡ್ಬೇಕು.

ಇನ್ನೊಂದ್ ರೂಲು, ಗ್ರಾಹಕರ ಮನೇಲಿ ನೀರು ಬಿಟ್ಟು ಬೇರೇನೂ ಬಾಯಿಗ್ ಹಾಕ್ಬಾರ್ದು. ಯಾಕಂದ್ರೆ ನನಗಿಂತ ಮುಂಚೆ ಇದ್ದ ಮೆಕ್ಯಾನಿಕ್ಕು ಯಾವ್ ಮನೇಗ್ ಹೋದ್ರೂ ದೋಸೆ ಹುಯ್ಯಿಸ್ಕೊಂಡು ತಿಂದು, ಜಗುಲಿ ಮೇಲೆ ನಿದ್ದೆ ಹೊಡೆದು, ಎದ್ದು ಮಿಕ್ಸಿ ಮುಟ್ಟೋ ಹೊತ್ಗೆ ಕರೆಂಟ್ ಹೋಗಿರ್ತಿತ್ತಂತೆ. ಅವ್ನು ತಿಂದ ದೋಸೆ, ನಂಗೆ ಉಪವಾಸ.

ಕಳಲೆ ಚಟ್ನಿ

ಕಳಲೆ ಅಂತ ಒಂದ್ ಊರು, ಅಲ್ಲೊಬ್ರು ಅಮ್ಮನ ಮನೆ. ರಿಪೇರಿ ಮುಗ್ಸಿ, ಕಂಪನಿ ಹೇಳ್ಕೊಟ್ಟ ಹಾಗೆ ಜಾರಿಗೆ ನೀರ್ ಹಾಕಿ ತಿರುಗುಸ್ದೆ. "ಆಯ್ತಮ್ಮಾ" ಅಂದೆ.

"ಏನಾಯ್ತು?"

"ಮಿಕ್ಸಿ ಸರಿ ಆಯ್ತು."

"ನೀರ ತಿರುಗ್ಸಿದ್ರೆ ಏನ್ಲಾ ಗೊತ್ತಾಯ್ತದೆ? ನೀರು ಮೊದ್ಲೂ ನೀರೆ, ಆಮೇಲೂ ನೀರೆ!"

ಅವ್ರೇ ಕಾಯಿ, ಹಸಿಮೆಣಸಿನಕಾಯಿ, ಹುರಿಗಡಲೆ ಹಾಕಿ ಚಟ್ನಿ ರುಬ್ಬುದ್ರು. ಬೆಣ್ಣೆ ಬೆಣ್ಣೆ ಹಾಗೆ ಬಂತು. ಒಂದ್ ರಾಗಿ ರೊಟ್ಟಿ ಮೇಲೆ ಹಾಕಿ ಮುಂದೆ ಚಾಚಿದ್ರು. ನನ್ ಬಾಯಲ್ಲಿ ಕಪಿಲಾ ನದಿ. ಆದ್ರೂ "ಬೇಡಮ್ಮಾ, ರೂಲಲ್ಲಿಲ್ಲ" ಅಂದು ಬ್ಯಾಗ್ ಎತ್ಕೊಂಡ್ ಓಡ್ಬಂದೆ.

ಸಾಯಂಕಾಲ ಬೂತಿಂದ ಫೋನ್ ಮಾಡಿದ್ರೆ ಮ್ಯಾನೇಜರ್ರು ಕಿರುಚುತಾವ್ರೆ. "ಏನ್ರೀ, ಕಳಲೆ ಅಮ್ಮ ತೃಪ್ತಿ ಇಲ್ಲ ಅಂದಿದಾರಲ್ರೀ!"

"ಮಿಕ್ಸಿ ಓಡ್ತಿಲ್ವಾ ಸಾ?"

"ಓಡ್ತದಂತೆ! ಆದ್ರೆ ರಿಪೇರಿ ಮಾಡ್ದೋನೇ ಅದ್ರಲ್ಲಿ ರುಬ್ಬಿದ ಚಟ್ನಿ ಬಾಯಿಗ್ ಹಾಕ್ಲಿಲ್ವಂತೆ. ಏನೋ ಐಬು ಬುಟ್ಟವ್ನೆ, ಅವ್ನಿಗೆ ಅವ್ನ್ ಕೆಲ್ಸದ್ ಮೇಲೇ ನಂಬ್ಕೆ ಇಲ್ಲ ಅಂತ ಹೇಳಿದಾರೆ!"

ಆ ಚಟ್ನಿ ಆ ರಾತ್ರಿ ಪೂರ್ತಿ ನೆನಪಿಗ್ ಬಂತು. ಮೆಸ್ಸಲ್ಲಿ ಅವತ್ತು ಬರೀ ಮಜ್ಜಿಗೆ ಅನ್ನ.

ಹದಿನಾರಿನ ಅಂಗಡಿ ಸಾಹುಕಾರ್ರು

ಹದಿನಾರು ಅನ್ನೋ ಹಳ್ಳೀಲಿ ಒಂದ್ ಮನೆಯವ್ರಿಗೆ ಫೋನ್ ಇಲ್ಲ, ಎದುರಿನ ದಿನಸಿ ಅಂಗಡಿ ನಂಬರ್ ಕೊಟ್ಟಿದ್ರು. ಮೇಡಂ ಫೋನ್ ಮಾಡಿದ್ರೆ ಅಂಗಡಿ ಸಾಹುಕಾರ್ರು ಎತ್ತಿದ್ರು. ಮನೆಯವ್ರನ್ನ ಕರೀಬೇಕು ತಾನೇ? ಇಲ್ಲ! ಎಲ್ಲಾ ಅವ್ರೇ ಹೇಳ್ಬುಟ್ಟವ್ರೆ. ಆಮೇಲೆ ನಂಗೆ ಎದೆ ಉಬ್ಬಿಸ್ಕೊಂಡು ಒಪ್ಪಿಸಿದ್ರು.

"ನಾನಂದೆ ಕಣಪ್ಪ, ಅವ್ರ್ ಮನೆ ಮಿಕ್ಸಿ ಸೆಂದಾಕ್ ಓಡ್ತದೆ ಕಣವ್ವ, ನಾನ್ ಗ್ಯಾರಂಟಿ ಅಂತ. ಆ ಮಗು, ನೀವು ನೋಡಿದ್ರಾ ಸಾರ್ ಅಂತು. ನೋಡೋದ್ ಯಾಕವ್ವ, ನಿನ್ನೆ ಕೊಬ್ರಿ ತಕ್ಕೊಂಡೋದ್ರು, ಇವತ್ತು ಗಸಗಸೆ ತಕ್ಕೊಂಡೋದ್ರು, ಮಿಕ್ಸಿ ಓಡ್ದೆ ಗಸಗಸೆ ಯಾರ್ ತಕ್ಕೊಂಡೋಯ್ತಾರೆ ಅಂದೆ!"

ಕಾಲಿಗ್ ಬೀಳೋಣ ಅನ್ನಿಸ್ತು ಕಣ್ರೀ ಅವ್ರಿಗೆ. "ಹಾಗಾದ್ರೆ ತೃಪ್ತಿ ಅಂತ ಹೇಳಿದ್ರಿ ತಾನೇ?"

"ಅವರ್ದು ತೃಪ್ತಿನೇ. ನಂದಿಲ್ಲ ಅಂದೆ."

"ನಿಮ್ದ್ಯಾಕೆ? ನಿಮ್ ಹತ್ರ ಮಿಕ್ಸಿನೇ ಇಲ್ವಲ್ಲ!"

"ಇಲ್ದಿದ್ರೇನ್ಲಾ? ಅವತ್ತು ನೀನು ಬಸ್ಸಿಗ್ ಕಾಯ್ತಾ ನನ್ ಅಂಗ್ಡಿ ಮುಂದೆ ನಿಂತಿದ್ದೆ. ಬಾಳೆಹಣ್ ಕೊಟ್ರೆ ನೀನು ಬ್ಯಾಡ ಅಂದೆ. ನಂಜನಗೂಡಿಂದ ಬರೋನ್ಗೆ ನಮ್ಮಳ್ಳಿ ಬಾಳೆಹಣ್ ಇಡಿಸ್ಲಿಲ್ಲ ಅಂತ ಬರ್ಕೊಳವ್ವ ಅಂದೆ!"

ಬರ್ಕೊಂಡ್ರು. ನನ್ ಹೆಸ್ರ ಮುಂದೆ ಇನ್ನೊಂದ್ ಕರಿ ಗುರ್ತು.

ಮ್ಯಾನೇಜರ್ರು ಈ ಸಲ ಕಿರುಚಲಿಲ್ಲ. ಅದೇ ಭಯ ಆಗಿದ್ದು. ಮೆತ್ತಗೆ, "ಈ ತಿಂಗ್ಳಲ್ಲಿ ಇನ್ನೊಂದ್ 'ತೃಪ್ತಿ ಇಲ್ಲ' ಬಂದ್ರೆ ನಿಮ್ಮನ್ನ ಮೈಸೂರು ಗೋಡೌನಿಗೆ ಹಾಕ್ತೀನಿ" ಅಂದ್ರು. ಗೋಡೌನ್ ನಾನು ನೋಡಿದೀನಿ. ಮೇಲಿಂದ ಕೆಳಗೆ ರಟ್ಟಿನ ಡಬ್ಬ. ಒಳಗೆ ಒಬ್ನೇ ಕೂತ್ಕೊಂಡು ಚೀಟಿ ಅಂಟುಸ್ಬೇಕು. ಸಂಬಳ ಅಷ್ಟೇ, ಬಸ್ಸಿನ ಓಡಾಟ ಇಲ್ಲ, ಬಿಸ್ಲಿಲ್ಲ, ಸುಖ ಅಂತಾರೆ. ಅಲ್ರೀ, ರಾತ್ರಿ ಬೀಗದ ಜೊತೆ, ಹಗಲು ರಟ್ಟಿನ ಜೊತೆ! ನಂಗೆ ಈ ಅಡುಗೆಮನೆಗಳೂ ಹೋಗ್ಬುಟ್ರೆ ನಾನು ಮಾತಾಡೋದ್ ಯಾರ್ ಹತ್ರ?

ಉಳಿದ ಸ್ಕ್ರೂ

ಅವತ್ತಿಂದ ಹುಷಾರಾದೆ. ಟಿ. ನರಸೀಪುರದಲ್ಲಿ ಒಂದ್ ಮನೆ. ಬರೀ ಕಾರ್ಬನ್, ಅಂದ್ರೆ ಮೋಟ್ರಿಗೆ ಕರೆಂಟ್ ಮುಟ್ಟಿಸೋ ಸಣ್ ತುಂಡು, ಸವೆದಿತ್ತು. ಬೆರಳುದ್ದದ್ ಕೆಲ್ಸ, ಚಿಟಿಕೆ ಹೊಡೆಯೋದ್ರೊಳಗೆ ಹಾಕ್ಬುಟ್ಟೆ. ಮನೆ ಅಜ್ಜಿ ಮುಖ ಗಂಟಾಕೊಂಡ್ರು. "ಇಷ್ಟೇಯಾ? ನಾವು ಬೆಳಗಿಂದ ಕಾದಿದ್ದು ಇಷ್ಟಕ್ಕೇಯಾ?"

ಆಗ ನಂಗೆ ಜ್ಞಾನೋದಯ. ಬೇಗ ಮುಗ್ಸಿದ್ರೂ ತೃಪ್ತಿ ಇಲ್ಲ! "ಇಲ್ಲಜ್ಜಿ, ಇನ್ನೂ ಒಳಗಡೆ ನೋಡ್ಬೇಕು" ಅಂತ ಪೇಪರ್ ಹಾಸಿ ಮಿಕ್ಸಿ ಪೂರ್ತಿ ಬಿಚ್ಚಿ ಹರಡ್ದೆ. ಒಂದೊಂದ್ ಭಾಗಾನೂ ಎತ್ತಿ ಬೆಳಕಿಗ್ ಹಿಡಿದು "ಉಸ್ಸಪ್ಪಾ" ಅಂತೀನಿ. ಅಜ್ಜಿ ಖುಷಿಯಾಗೋದ್ರು. ಪಕ್ಕದಲ್ಲೇ ಸೊಪ್ಪು ಬಿಡಿಸ್ತಾ ಕೂತು, ಅವ್ರ ಮದುವೆ ಕತೆ, ಅವ್ರ ನಾದಿನಿ ಕತೆ, ಹೊಳೆ ಉಕ್ಕಿ ಬಂದಾಗ ಒರಳುಕಲ್ಲು ತೇಲ್ಕೊಂಡ್ ಹೋಯ್ತು ಅನ್ನೋ ಕತೆ. ಒರಳುಕಲ್ಲು ಹೆಂಗಜ್ಜಿ ತೇಲುತ್ತೆ ಅಂತ ನಾನು ಕೇಳ್ಲಿಲ್ಲ. ಕೇಳಿದ್ರೆ ಕತೆ ನಿಂತೋಗುತ್ತೆ. ನಿಜ ಹೇಳ್ಲಾ? ಎಲ್ಲಾ ಜೋಡ್ಸಿದ್ಮೇಲೆ ಇನ್ನೊಂದ್ಸಲ ಬಿಚ್ಚಿದೆ. ಸುಮ್ನೆ. ಎದ್ದು ಹೋಗೋಕೆ ಮನಸ್ಸಾಗ್ಲಿಲ್ಲ.

ಎರಡ್ನೇ ಸಲ ಜೋಡ್ಸಿ ತಿರುಗುಸ್ದೆ, ಮಿಕ್ಸಿ ಜುಂಯ್ ಅಂತು. ಅಜ್ಜಿ ಪೇಪರ್ ಮೇಲಿಂದ ಏನೋ ಎತ್ತಿ ಕಣ್ ಹತ್ರ ಹಿಡಿದ್ರು. "ಇದೊಂದ್ ಸ್ಕ್ರೂ ಉಳೀತಲ್ಲಪ್ಪ?"

"ಅದು... ಎಕ್ಸ್‌ಟ್ರಾ ಅಜ್ಜಿ. ಕಂಪನಿಯವ್ರು ಜಾಸ್ತಿ ಹಾಕಿರ್ತಾರೆ."

"ಅಂಗಾರೆ ನೀನೇ ತಕ್ಕೊಂಡೋಗು" ಅಂತ ನನ್ ಜೇಬಿಗ್ ಹಾಕಿ ತಲೆ ಸವರಿದ್ರು. "ನಿಂಗೆ ಇಲ್ಲೊಂದು ಕಮ್ಮಿ ಇರೋ ಹಂಗದೆ."

ಮೂಗೂರು ಅಕ್ಕ

ಮೂಗೂರಿನ ಅಕ್ಕನ ಉಪಾಯ ಕೇಳಿ. ಇದನ್ನ ನೆನಪಿಟ್ಕೊಳ್ಳಿ, ಮುಂದಕ್ಕೆ ಬೇಕು. ಮೇಡಂ ಫೋನ್ ಮಾಡಿ ತೃಪ್ತೀನಾ ಅಂತ ಕೇಳಿದ್ರೆ ಈಯಕ್ಕ, "ಈಗ್ಲೇ ಎಂಗೇಳಾದು? ಇಡ್ಲಿ ಇಟ್ಟು ರುಬ್ಬಿವ್ನಿ, ನಾಳೆ ಉಬ್ಬುದ್ರೆ ತೃಪ್ತಿ, ಉಬ್ಬದೆ ಓದ್ರೆ ಇಲ್ಲ, ನಾಳೆ ಮಾಡು" ಅಂದವ್ರೆ.

ಮೇಡಂ ನಾಳೆ ಮಾಡಿದ್ರು. "ಉಬ್ತು, ಆದ್ರೆ ದೋಸೆ ಇಟ್ಟು ನೋಡ್ಬೇಕಲ್ಲ" ಅಂತಂದ್ರು. ನಾಡಿದ್ದೂ ಮಾಡಿದ್ರು! ಹೋಗ್ತಾ ಹೋಗ್ತಾ ಮೆಂತ್ಯ ಎಷ್ಟ್ ಹಾಕ್ಬೇಕು, ನಿಮ್ಮನೇಲಿ ಯಾವ್ ಅಕ್ಕಿ, ಎಲ್ಲಾ ಮಾತಾಯ್ತಂತೆ. ವಾರ ಆದ್ಮೇಲೆ ತೃಪ್ತಿ ಅಂದವ್ರೆ.

ನಾನು ಹೋಗಿ "ಅಲ್ಲಕ್ಕಾ, ಮೊದಲ್ನೇ ದಿನಾನೇ ಹೇಳ್ಬಾರ್ದಾ? ಮ್ಯಾನೇಜರ್ರು ನನ್ ಜೀವ ತಿಂದ್ರು" ಅಂದ್ರೆ, ಆಯಕ್ಕ ನನ್ನ ಪೆದ್ದ ಅನ್ನೋ ಥರ ನೋಡಿದ್ರು.

"ಏಳ್ಬುಟ್ರೆ ಆ ಮಗು ಮತ್ತೆ ಪೋನ್ ಮಾಡ್ತದಾ?"

ನಂಗೆ ಬಂದ ಫೋನು

ಈಗ ನಂದು. ರೂಮಲ್ಲಿ ಒಂದ್ ಹಳೇ ಮಿಕ್ಸಿ ಇದೆ, ನಮ್ ಕಂಪನೀದೇ. ಅದ್ರ ಕಪ್ಲರ್, ಅಂದ್ರೆ ಜಾರ್ ಕೂರೋ ಆ ಹಲ್ಲು ಹಲ್ಲು ಗಾಲಿ, ಮುರ್ದೋಯ್ತು. ಗ್ರಾಹಕರ ಕಂಪ್ಲೇಂಟ್ ಇಲ್ದೆ ಆಫೀಸಿಂದ ಒಂದ್ ಸ್ಕ್ರೂನೂ ಕಳ್ಸಲ್ಲ. ಅದಕ್ಕೆ ನಮ್ಮಪ್ಪನ ಹೆಸ್ರಲ್ಲಿ ಒಂದ್ ಕಂಪ್ಲೇಂಟ್ ಬರ್ಸಿ, ಕೆಳಗಡೆ ಓನರ್ ಅಮ್ಮನ ಮನೆ ಫೋನ್ ನಂಬರ್ ಕೊಟ್ಟೆ. ಕಪ್ಲರ್ ಬಂತು. ಹಾಕ್ಕೊಂಡೆ. ಮರ್ತೇಬುಟ್ಟೆ.

ಇವತ್ತು ಬಸ್ ಇಳಿದು ಬಂದು ಮೆಟ್ಲು ಹತ್ತುತಿದೀನಿ, ಒಳಗೆ ಓನರ್ ಅಮ್ಮ ಫೋನಲ್ಲಿ ಹೇಳ್ತಾವ್ರೆ, "ಆ ಹೆಸ್ರಿನೋರು ನಮ್ಮನೇಲಿ ಯಾರೂ ಇಲ್ಲಮ್ಮಾ." ನಮ್ಮಪ್ಪನ ಹೆಸ್ರು! ಒಂದೇ ನೆಗೆತ ನೆಗೆದೆ ನೋಡಿ, ಚಪ್ಲಿ ಸಮೇತ ಹಾಲಿಗ್ ನುಗ್ಗಿ "ನಾನೇ, ನಾನೇ!" ಅಂತ ರಿಸೀವರ್ ಕಿತ್ಕೊಂಡೆ.

"ನಮಸ್ಕಾರ ಸಾರ್. ಮಿಕ್ಸಿ ಕಂಪನಿಯಿಂದ ಮಾತಾಡ್ತಿರೋದು. ನಿಮ್ ಮಿಕ್ಸಿ ಈಗ ಓಡ್ತಿದ್ಯಾ ಸಾರ್?"

ಸಾರ್! ಎರಡೆರಡ್ಸಲ! ಎರಡ್ ತಾಲ್ಲೂಕು ಹೊಗಳಿದ್ದು ಸುಳ್ಳಲ್ಲ ಕಣ್ರೀ.

"ಓಡ್ತಿದೆ ಮೇಡಂ."

"ಮೆಕ್ಯಾನಿಕ್ ಟೈಮಿಗೆ ಬಂದ್ರಾ?"

"ನಾನ್ ಬಾಗ್ಲು ತೆಗೆಯೋ ಹೊತ್ಗೆ ಅವ್ರೂ ಅಲ್ಲೇ ಇದ್ರು ಮೇಡಂ."

"ಮರ್ಯಾದೆಯಿಂದ ಮಾತಾಡುದ್ರಾ?"

"ಒಂದ್ ಮಾತೂ ಆಡ್ಲಿಲ್ಲ ಮೇಡಂ. ಸುಮ್ನೆ ಒಬ್ನೇ ಕೂತ್ಕೊಂಡು ಮಾಡ್ದ."

"ನಿಮ್ ಮನೇಲಿ ಏನಾದ್ರೂ ತಿಂದ್ರಾ?" ನನ್ನಿಂದಲೇ ಸೇರ್ಸಿರೋ ಹೊಸ ಪ್ರಶ್ನೆ ಇದು!

"ಇಲ್ಲ ಮೇಡಂ. ಮನೇಲಿ ಏನೂ ಇರ್ಲಿಲ್ಲ."

"ಅಯ್ಯೋ, ಪಾಪ" ಅಂದ್ರು. ಪಾಪ ಅಂದ್ರು ಕಣ್ರೀ, ನಂಗೆ! ಓನರ್ ಅಮ್ಮ ಅಕ್ಕಿಲಿ ಕಲ್ಲು ಆರಿಸೋದ್ ಬಿಟ್ಟು ನನ್ನೇ ನೋಡ್ತಾವ್ರೆ.

"ಕಡೇ ಪ್ರಶ್ನೆ ಸಾರ್. ನಮ್ ಸೇವೆ ನಿಮಗೆ ತೃಪ್ತಿ ತಂದಿದ್ಯಾ?"

ಬಾಯ್ ತೆಗೆದೆ. ಅಷ್ಟ್ರಲ್ಲೇ ಲೆಕ್ಕ ಹೊಳೀತು. ತೃಪ್ತಿ ಅಂದ್ರೆ "ಧನ್ಯವಾದ ಸಾರ್" ಅಂತ ಇಟ್ಬುಡ್ತಾರೆ, ಮುಗೀತು, ಇನ್ ಜನ್ಮದಲ್ಲಿ ಈ ನಂಬರಿಗೆ ಮಾಡಲ್ಲ. ತೃಪ್ತಿ ಇಲ್ಲ ಅಂದ್ರೆ ಮತ್ತೆ ಮತ್ತೆ ಮಾಡ್ತಾರೆ. ಆದ್ರೆ ಕರಿ ಗುರ್ತು ಬೀಳೋದು ಮೆಕ್ಯಾನಿಕ್ಕಿಗೆ. ಮೆಕ್ಯಾನಿಕ್ಕು ನಾನು. ನಾಳೆನೇ ಗೋಡೌನು.

"ಸಾರ್? ಇದೀರಾ?"

"ಇಡ್ಲಿ ಹಿಟ್ಟು ರುಬ್ಬಿದೀನಿ ಮೇಡಂ!" ಅಂದ್ಬುಟ್ಟೆ. "ನಾಳೆ ಬೆಳಗ್ಗೆ ಉಬ್ಬುತ್ತೋ ಇಲ್ವೋ ನೋಡಿ ಹೇಳ್ತೀನಿ. ನಾಳೆ ಮಾಡ್ತೀರಾ?"

ಆ ಕಡೆ ಸಣ್ಣಗೆ ನಕ್ಕ ಹಾಗಾಯ್ತು. "ಆಯ್ತು ಸಾರ್, ಮಾಡ್ತೀನಿ. ಚಳಿ ಜಾಸ್ತಿ ಇದೆ, ಪಾತ್ರೆಗೆ ಕಂಬಳಿ ಹೊದ್ಸಿ ಇಡಿ. ಇಲ್ದಿದ್ರೆ ಉಬ್ಬಲ್ಲ."

ಇಟ್ರು. ಓನರ್ ಅಮ್ಮ ಕೇಳಿದ್ರು, "ಲೋ, ಯಾವ್ ಇಡ್ಲಿ ಹಿಟ್ಟೋ? ನಿನ್ ರೂಮಲ್ಲಿ ಇಲೀನೂ ಊಟಕ್ಕೆ ನಮ್ಮನೇಗೆ ಬತ್ತದೆ!"

ಮೇಡಮ್ಮಿಗೆ ಸುಳ್ಳು ಹೇಳ್ದಂಗಾಗ್ಬಾರ್ದಲ್ಲ, ಹಾಗೇ ಅಂಗಡಿಗ್ ಓಡಿ ಉದ್ದಿನಬೇಳೆ, ಇಡ್ಲಿ ರವೆ ತಂದೆ. ಅದೇ ಈಗ ನೆನೀತಿರೋದು. ಇನ್ನೇನು ರುಬ್ಬೋದು. ಆದ್ರೆ ಇಲ್ಲೊಂದ್ ಪೀಕಲಾಟ ಕೇಳಿ. ರೂಮಲ್ಲಿರೋದು ಒಂದೇ ಕಂಬಳಿ. ಓನರ್ ಅಮ್ಮನ್ನ ಇನ್ನೊಂದ್ ಕೇಳೋಣ ಅಂದ್ರೆ ಅವ್ರು ಒಂದ್ ಬಕೆಟ್ ನೀರಿಗೇ ಮುಖ ತಿರುಗಿಸ್ತಾರೆ. ಹಿಟ್ಟಿಗ್ ಹೊದ್ಸಿದ್ರೆ ನಾನು ರಾತ್ರಿಯೆಲ್ಲಾ ಗಡಗಡ. ಹಿಟ್ಟು ಉಬ್ಬುತ್ತೆ, ತೃಪ್ತಿ ಅನ್ಬೇಕು, ಕೆಲ್ಸ ಉಳಿಯುತ್ತೆ, ಫೋನು ಅಲ್ಲಿಗ್ ಮುಗೀತು. ನಾನ್ ಹೊದ್ಕೊಂಡ್ರೆ ಬೆಚ್ಚಗಿರ್ತೀನಿ. ಹಿಟ್ಟು ಉಬ್ಬಲ್ಲ, ತೃಪ್ತಿ ಇಲ್ಲ ಅನ್ಬೇಕು, ಮೇಡಂ ನಾಡಿದ್ದೂ ಮಾಡ್ತಾರೆ, ಅಲ್ಲಿಂದಾಚೆ ಗೋಡೌನು.

ಅಲ್ಲ, ನೀವೇ ಹೇಳಿ, ನೀವಾಗಿದ್ರೆ ಕಂಬಳಿ ಯಾರಿಗ್ ಹೊದುಸ್ತಿದ್ರಿ?